ಗೆಣಸು: ಸಣ್ಣ ಜಮೀನಿನವರ ಕೈ ಹಿಡಿಯುತ್ತದೋ, ಕೈ ಕಚ್ಚುತ್ತದೋ?

ಒಂದು ಎಕರೆ, ಅರ್ಧ ಎಕರೆ ಇರುವವರು ಮಾರುವುದಕ್ಕೆ ಅಂತಲೇ ಗೆಣಸು ಹಾಕಿದರೆ ಲಾಭ ಇದೆಯಾ? ಮನೆ ಮಟ್ಟಿಗೆ ಹಿತ್ತಲಲ್ಲಿ ನಾಲ್ಕು ಬಳ್ಳಿ ನೆಡುವವರ ಮಾತು ಬೇರೆ, ಅದಕ್ಕೆ ಲೆಕ್ಕ ಬೇಕಿಲ್ಲ. ಇಲ್ಲಿ ಇಬ್ಬರು ಬರೆದಿದ್ದಾರೆ. ಒಬ್ಬರು ಈಗಲೂ ಬೆಳೆಯುತ್ತಾರೆ, ಇನ್ನೊಬ್ಬರು ಬೆಳೆದು ಬಿಟ್ಟವರು. ಇಬ್ಬರ ಕೈಯಲ್ಲೂ ಇರುವುದು ಕಾಲು ಎಕರೆಯ ಒಂದೇ ಲೆಕ್ಕ.

ಪರ: ಜೇಬಿನಿಂದ ಹೋಗುವುದೇ ಕಡಿಮೆ

ಯಾವ ಬೆಳೆಯಾದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಪೂರ್ತಿ ಹಾಳಾದರೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ? ಲಾಭದ ಮಾತು ಆಮೇಲೆ. ಸಾಲ ಮಾಡಿ ಹಾಕಿದ ಬೆಳೆ ಬಿದ್ದರೆ ಏಳುವುದಕ್ಕೆ ಮೂರು ವರ್ಷ ಬೇಕು. ಗೆಣಸು ಬಿದ್ದರೆ ಮುಂದಿನ ಮಳೆಗೆ ಎದ್ದು ನಿಲ್ಲಬಹುದು. ನಾನು ಇದನ್ನು ಬಿಡದೆ ಹಾಕುತ್ತಿರುವುದು ಇಷ್ಟಕ್ಕೇ.

ಬಿತ್ತನೆಯಿಂದಲೇ ನೋಡೋಣ. ಆಲೂಗಡ್ಡೆ ಹಾಕಬೇಕು ಅಂದರೆ ಬಿತ್ತನೆ ಗೆಡ್ಡೆಯನ್ನು ಮೂಟೆಗಟ್ಟಲೆ ಕೊಳ್ಳಬೇಕು. ತಿನ್ನುವಂಥ ಗೆಡ್ಡೆಯನ್ನೇ ತಂದು ಮಣ್ಣಿಗೆ ಹಾಕಬೇಕು. ಗೆಣಸಿಗೆ ಬಳ್ಳಿಯ ತುಂಡು ಸಾಕು. ಒಂದು ಗೇಣಿನಷ್ಟು ಉದ್ದ, 20ರಿಂದ 30 ಸೆಂ.ಮೀ. ಅಂದುಕೊಳ್ಳಿ, ಮೂರು ನಾಲ್ಕು ಗಣ್ಣು ಇರಬೇಕು. ಎರಡು ಗಣ್ಣು ಮಣ್ಣೊಳಗೆ, ಉಳಿದದ್ದು ಮೇಲೆ. ನೆಟ್ಟ ಮೇಲೆ ಒಂದೆರಡು ದಿನ ಬಾಡಿ ಮಲಗಿರುತ್ತದೆ. ಹೊಸಬರು ಗಾಬರಿ ಬೀಳುತ್ತಾರೆ. ಸುಮ್ನೆ ನೀರು ಕೊಟ್ಟು ಬಿಟ್ಟುಬಿಡಿ, ತಾನೇ ತುದಿ ಎತ್ತುತ್ತದೆ. ಮೊದಲ ಸಲ ಬಳ್ಳಿ ಕೊಂಡು ತರಬೇಕಾಗಬಹುದು. ಆಮೇಲೆ ಎರಡು ಪಾತಿ ಉಳಿಸಿಕೊಂಡರೆ ಮುಂದಿನ ಸಲದ ಬಿತ್ತನೆ ಮನೆಯಲ್ಲೇ ಇದೆ.

ಗೊಬ್ಬರದಲ್ಲಿ ನಾನು ಒಂದು ಸಲ ಪಾಠ ಕಲಿತಿದ್ದೇನೆ. ಮೊದಲ ವರ್ಷ ಬಳ್ಳಿ ಸಣಕಲಾಗಿ ಕಂಡಿತು ಅಂತ ಯೂರಿಯಾ ಎರಚಿದೆ. ಹದಿನೈದು ದಿನದಲ್ಲಿ ಹೊಲ ಕಡುಹಸಿರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನಾಲ್ಕು ತಿಂಗಳಿಗೆ ಅಗೆದರೆ ಹೆಬ್ಬೆರಳು ಗಾತ್ರದ ಬೇರುಗಳು! ಸಾರಜನಕ ಜಾಸ್ತಿಯಾದರೆ ಬಳ್ಳಿ ಸೊಕ್ಕುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ಗೆಡ್ಡೆ ದಪ್ಪ ಆಗುವುದಕ್ಕೆ ಬೇಕಾಗಿದ್ದು ಪೊಟ್ಯಾಶ್. ಅಂದರೆ ಯೂರಿಯಾ ಕಡಿಮೆ ಹಾಕಿದಷ್ಟೂ ಒಳ್ಳೆಯದಾಗುವ ಬೆಳೆ ಇದು. ಇಂಥ ಬೆಳೆ ಇನ್ನೆಷ್ಟಿವೆ ಹೇಳಿ?

ಕಳೆಯೂ ಅಷ್ಟೇ. ಮೊದಲ ಐದಾರು ವಾರ ಕಿತ್ತು ಬೋದಿಗೆ, ಅಂದರೆ ಬಳ್ಳಿ ನೆಟ್ಟ ಮಣ್ಣಿನ ಏರಿಗೆ, ಮಣ್ಣು ಏರಿಸಿದರೆ ಆಮೇಲೆ ಬಳ್ಳಿಯೇ ನೆಲ ಮುಚ್ಚಿಕೊಳ್ಳುತ್ತದೆ. ನೀರು ಇಡೀ ಬೆಳೆಗೆ ಸುಮಾರು 500 ಮಿ.ಮೀ. ಸಾಕು. ಬೇರು ಹಿಡಿದ ಮೇಲೆ ನಡುವೆ ಸ್ವಲ್ಪ ದಿನ ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ.

ಈಗ ಲೆಕ್ಕ. ಕಾಲು ಎಕರೆ ಅಂದರೆ ಹತ್ತಿರ ಹತ್ತಿರ 1,000 ಚದರ ಮೀಟರ್. ಬೋದಿನಿಂದ ಬೋದಿಗೆ 90 ಸೆಂ.ಮೀ., ಬಳ್ಳಿಯಿಂದ ಬಳ್ಳಿಗೆ 30 ಸೆಂ.ಮೀ. ಬಿಟ್ಟರೆ ಸುಮಾರು 3,700 ತುಂಡು ಬೇಕು. ಇಳುವರಿ ಎಷ್ಟು ಹಿಡಿಯೋಣ? ಜಗತ್ತಿನ ಅರ್ಧಕ್ಕಿಂತ ಹೆಚ್ಚು ಗೆಣಸು ಬೆಳೆಯುವ ಚೀನಾದಲ್ಲಿ ಹೆಕ್ಟೇರಿಗೆ 20 ಟನ್ ದಾಟುತ್ತದೆ. ಅಷ್ಟು ದೂರ ಹೋಗುವುದು ಬೇಡ. ಜಗತ್ತಿನ ಸರಾಸರಿ ಹೆಕ್ಟೇರಿಗೆ ಸುಮಾರು 12 ಟನ್, ಅದನ್ನೇ ಹಿಡಿಯಿರಿ. ಕಾಲು ಎಕರೆಗೆ 1,200 ಕಿಲೋ. ಗುದ್ದಲಿ ತಾಗಿದ್ದು, ಬೆರಳಷ್ಟೇ ಇರುವುದು, ತೂತು ಬಿದ್ದದ್ದು ಅಂತ ಐದನೇ ಒಂದು ಭಾಗ ತೆಗೆದುಹಾಕಿ. ಮಾರುವುದಕ್ಕೆ 960 ಕಿಲೋ ಉಳಿಯಿತು.

ಖರ್ಚನ್ನು ದುಡ್ಡಿನಲ್ಲಿ ಬರೆದಿಡಬೇಡಿ, ಕಿಲೋದಲ್ಲಿ ಬರೆದಿಡಿ. ನಾನು ಮಾಡುವುದು ಹಾಗೆ. ಉಳುಮೆ, ಬಳ್ಳಿ, ಗೊಬ್ಬರ, ಕೂಲಿ, ಚೀಲ, ಗಾಡಿ ಬಾಡಿಗೆ ಎಲ್ಲ ಕೂಡಿಸಿ. ಕೊಳ್ಳುವವರು ನಿಮ್ಮ ಕೈಗೆ ಕೊಡುವ ಕಿಲೋ ದರದಿಂದ ಭಾಗಿಸಿ. ನನ್ನ ಲೆಕ್ಕದಲ್ಲಿ ಅದು 600 ಕಿಲೋ ಆಸುಪಾಸು ಬಂತು ಅಂದುಕೊಳ್ಳಿ. ಮೊದಲ 600 ಕಿಲೋ ಖರ್ಚಿನದು, ಉಳಿದ 360 ಕಿಲೋ ನನ್ನದು. ಹೀಗೆ ಬರೆದಿಟ್ಟರೆ ಅಗೆಯುವಾಗ ಎಷ್ಟನೇ ಚೀಲಕ್ಕೆ ದಡ ಸೇರಿದೆವು ಅಂತ ಹೊಲದಲ್ಲೇ ಗೊತ್ತಾಗುತ್ತದೆ. ಪಕ್ಕಕ್ಕೆ ಹಾಕಿದ 240 ಕಿಲೋ ಕೂಡ ಪೂರ್ತಿ ದಂಡವಲ್ಲ. ಗುದ್ದಲಿ ತಾಗಿದ್ದು ಮನೆಗೆ, ಚಿಕ್ಕದು ದನಕ್ಕೆ. ಬಳ್ಳಿಯಂತೂ ಒಳ್ಳೆ ಮೇವು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಗೋಧಿಯಲ್ಲಿ, ಜೋಳದಲ್ಲಿ ದೊಡ್ಡ ಜಮೀನಿನವರ ಜೊತೆ ನಾವು ಪೈಪೋಟಿ ಮಾಡುವುದಕ್ಕೆ ಆಗುವುದಿಲ್ಲ. ಅವರ ಯಂತ್ರ ಒಂದು ದಿನಕ್ಕೆ ಮಾಡುವ ಕೆಲಸ ನಮಗೆ ಒಂದು ತಿಂಗಳು. ಗೆಣಸಿನಲ್ಲಿ ಆ ಅಂತರ ಅಷ್ಟಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ರಾಜ್ಯ ನಾರ್ತ್ ಕ್ಯಾರೊಲಿನಾ. ಅಲ್ಲೂ ಟ್ರ್ಯಾಕ್ಟರ್ ಬೋದು ಮಗುಚಿದ ಮೇಲೆ ಗೆಣಸು ಆಯುವುದು ಹೆಚ್ಚಾಗಿ ಆಳುಗಳೇ, ಬಗ್ಗಿಕೊಂಡು, ಬರಿಗೈಯಲ್ಲಿ. ಸಿಪ್ಪೆ ಅಷ್ಟು ತೆಳು, ಯಂತ್ರ ತಾಗಿದರೆ ತರಚಿ ಹೋಗುತ್ತದೆ. ಯಾರೇ ಆಗಲಿ ಬಗ್ಗಲೇಬೇಕಾದ ಬೆಳೆಯಲ್ಲಿ ಸಣ್ಣವರಿಗೂ ಜಾಗ ಇರುತ್ತದೆ, ಅಲ್ವಾ?

ಕೊಯ್ಲಿಗೂ ಒಂದೇ ದಿನ ಅಂತ ಇಲ್ಲ. ತಳಿ ನೋಡಿಕೊಂಡು ಮೂರೂವರೆ ತಿಂಗಳಿಂದ ಐದು ತಿಂಗಳವರೆಗೆ ಯಾವಾಗ ಬೇಕಾದರೂ ಅಗೆಯಬಹುದು. ಪೂರ್ವ ಆಫ್ರಿಕಾದ ಸಣ್ಣ ರೈತರು ಬೇಕಾದಾಗ ಬೇಕಾದಷ್ಟು ಅಗೆದು ಉಳಿದದ್ದನ್ನು ನೆಲದಲ್ಲೇ ಬಿಡುತ್ತಾರೆ. ಗೋದಾಮಿಗೆ ಬಾಡಿಗೆ ಇಲ್ಲ.

ಕಿತ್ತಳೆ ಬಣ್ಣದ ತಿರುಳಿನ ತಳಿಗಳಿಗೆ ಈಗ ಬೇರೆಯೇ ಬೇಡಿಕೆ ಇದೆ. ಮಕ್ಕಳಿಗೆ ವಿಟಮಿನ್ ಎ ಸಿಗಲಿ ಅಂತ ಇವನ್ನು ಆಫ್ರಿಕಾದಲ್ಲಿ ಹರಡಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜ್ಯಾನ್ ಲೋ ಅವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ಬೆಳೆಗಳ ಪೋಷಕಾಂಶ ಹೆಚ್ಚಿಸುವ ಕೆಲಸಕ್ಕೆ ಹೊವರ್ತ್ ಬೌಯಿಸ್ ಅವರೂ ಅದನ್ನು ಹಂಚಿಕೊಂಡರು. ಬಡವರ ಗೆಡ್ಡೆ ಅಂತ ಮೂಗು ಮುರಿಯುತ್ತಿದ್ದವರೇ ಈಗ ಬಣ್ಣ ನೋಡಿ ಕೇಳುತ್ತಾರೆ.

ವಿರೋಧ: ಆ 600 ಕಿಲೋ ನಿಂತಲ್ಲಿ ನಿಲ್ಲುವುದಿಲ್ಲ

ಮೇಲಿನ ಲೆಕ್ಕದಲ್ಲಿ ಕೂಡಿದ್ದು ಸರಿ, ಕಳೆದದ್ದೂ ಸರಿ. ಖರ್ಚನ್ನು ಕಿಲೋದಲ್ಲಿ ಬರೆಯುವುದು ಒಳ್ಳೆಯ ಅಭ್ಯಾಸವೇ. ನಾನೂ ಅದನ್ನೇ ಹಿಡಿದು ಮುಂದೆ ಹೋಗುತ್ತೇನೆ.

ಖರ್ಚು ನೀವು ಬಳ್ಳಿ ನೆಡುವಾಗಲೇ ಶುರುವಾಗುತ್ತದೆ. ದರ ಗೊತ್ತಾಗುವುದು ಅಗೆದ ಮೇಲೆ. ದರ ಮೂರನೇ ಒಂದು ಭಾಗ ಇಳಿಯಿತು ಅಂದುಕೊಳ್ಳಿ. ಇದೇನು ಅಪರೂಪದ ಮಾತಲ್ಲ. ಒಂದೇ ಮಳೆಗೆ ಎಲ್ಲರೂ ನೆಡುತ್ತಾರೆ, ಒಂದೇ ಹದಿನೈದು ದಿನದಲ್ಲಿ ಎಲ್ಲರೂ ಅಗೆಯುತ್ತಾರೆ. ಆಗ ಅದೇ ಖರ್ಚು ತೀರಿಸುವುದಕ್ಕೆ 600 ಕಿಲೋ ಸಾಲುವುದಿಲ್ಲ, 900 ಬೇಕು. ಮಾರುವುದಕ್ಕೆ ಇರುವುದು 960. ಕೈಗೆ ಬಂದಿದ್ದು 60 ಕಿಲೋ. ಇಳುವರಿ ಒಂದು ಕಿಲೋನೂ ಕಡಿಮೆಯಾಗಿಲ್ಲ, ರೋಗ ಬಂದಿಲ್ಲ, ಮಳೆ ಕೈಕೊಟ್ಟಿಲ್ಲ. ಆದರೂ ನಾಲ್ಕೈದು ತಿಂಗಳ ದುಡಿಮೆಗೆ ಒಂದು ಮೂಟೆ.

ಆ 600 ಕಿಲೋದಲ್ಲಿ ಮನೆಯವರ ಕೂಲಿ ಸೇರಿದೆಯಾ? ಕೂಲಿ ಅಂತ ಬರೆದಾಗ ಎಲ್ಲರೂ ಹೊರಗಿನ ಆಳಿಗೆ ಕೊಟ್ಟಿದ್ದನ್ನು ಮಾತ್ರ ಬರೆಯುತ್ತಾರೆ. 3,700 ತುಂಡು ಅಂದರೆ 3,700 ಸಲ ಬಗ್ಗಿ ಏಳುವುದು. ಅದನ್ನು ಮಾಡಿದವರು ಹೆಂಡತಿಯೋ ಅಮ್ಮನೋ ಆಗಿದ್ದರೆ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ವರ್ಷ ಇದನ್ನೂ ಬರೆದೆವು, ಯಾರು ಎಷ್ಟು ಹೊತ್ತು ಹೊಲದಲ್ಲಿದ್ದರು ಅಂತ. ಅರ್ಧ ದಾರಿಯಲ್ಲೇ ಬರೆಯುವುದನ್ನು ನಿಲ್ಲಿಸಿದೆವು. ಬೇಜಾರಾಯಿತು.

ಅಗೆಯುವ ಕೆಲಸ ಮಾಡಿದವರಿಗೇ ಗೊತ್ತು. ಮೊದಲು ಬಳ್ಳಿ ಕೊಯ್ದು ಪಕ್ಕಕ್ಕೆ ಸುತ್ತಿಡಬೇಕು. ಗುದ್ದಲಿಯನ್ನು ಬುಡದಿಂದ ದೂರ ಹಾಕಿದರೆ ಗೆಣಸು ಮಣ್ಣಲ್ಲೇ ಉಳಿಯುತ್ತದೆ, ಹತ್ತಿರ ಹಾಕಿದರೆ ಕತ್ತರಿಸಿ ಹೋಗುತ್ತದೆ. ಏಟು ಬಿದ್ದ ಜಾಗದಿಂದ ಬಿಳಿ ಸೊನೆ ಜಿನುಗುತ್ತದೆ. ಎರಡು ನಿಮಿಷಕ್ಕೆ ಅದಕ್ಕೆ ಮಣ್ಣು ಮೆತ್ತಿಕೊಂಡು ಕಪ್ಪಗಾಗುತ್ತದೆ. ಆ ಗೆಣಸು ಇನ್ನು ಚೀಲಕ್ಕಲ್ಲ. ಬೆಳಗ್ಗೆ ಎಚ್ಚರಿಕೆಯಿಂದ ಅಗೆಯುವ ಕೈ ಮಧ್ಯಾಹ್ನದ ಬಿಸಿಲಿಗೆ ಸೋಲುತ್ತದೆ, ಸೊನೆ ಜಿನುಗುವ ರಾಶಿ ದೊಡ್ಡದಾಗುತ್ತದೆ. ದೊಡ್ಡ ಜಮೀನಿನವರೂ ಬಗ್ಗುತ್ತಾರೆ ಅನ್ನುವುದು ಸರಿ. ಆದರೆ ಅವರು ಬಗ್ಗುವುದು ಟ್ರ್ಯಾಕ್ಟರ್ ಮಗುಚಿಕೊಟ್ಟ ಮಣ್ಣಿಗೆ.

ನೆಲವೇ ಗೋದಾಮು ಅನ್ನುವ ಮಾತಿಗೆ ಬರುತ್ತೇನೆ. ನಾನು ಗೆಣಸು ಬೆಳೆಯುವುದನ್ನು ಬಿಟ್ಟಿದ್ದು ಈ ಮಾತು ನಂಬಿ ಕೆಟ್ಟ ಮೇಲೆಯೇ. ದರ ಬಿದ್ದಿತ್ತು. ಮೂರು ವಾರ ಕಾಯೋಣ, ನೆಲದಲ್ಲೇ ಇರಲಿ ಅಂದುಕೊಂಡೆ. ಮಳೆ ಇರಲಿಲ್ಲ, ಮಣ್ಣು ಒಣಗಿತ್ತು. ಗೆಣಸು ದಪ್ಪವಾಗುತ್ತಾ ಬೋದು ಬಿರುಕು ಬಿಟ್ಟಿತ್ತು. ಬಿರುಕು ನೋಡಿ ನನಗೆ ಖುಷಿ, ಒಳಗೆ ಚೆನ್ನಾಗಿ ಊದಿದೆ ಅಂತ. ಅಗೆದಾಗ ಗೆಣಸಿನ ಕತ್ತಿನ ಹತ್ತಿರ ಸೂಜಿ ಚುಚ್ಚಿದ ಹಾಗೆ ತೂತುಗಳು. ಕೊಯ್ದು ನೋಡಿದರೆ ಒಳಗೆಲ್ಲ ಕಪ್ಪು ಸುರಂಗ, ಮೂಗಿಗೆ ಅಡರುವ ಘಾಟು. ಮೂತಿಹುಳು.

ಇರುವೆ ಥರ ಕಾಣುವ ಈ ಹುಳುವಿಗೆ ಮಣ್ಣು ಅಗೆಯುವ ಶಕ್ತಿ ಇಲ್ಲ. ಬಿರುಕೇ ಅದಕ್ಕೆ ಬಾಗಿಲು. ಒಳಗಿಳಿದು ಗೆಡ್ಡೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಕೊರೆಯುತ್ತಾ ಹೋಗುತ್ತದೆ. ಗೆಣಸು ತನ್ನನ್ನು ಕಾಪಾಡಿಕೊಳ್ಳುವುದಕ್ಕೆ ಒಂದು ಕಹಿ ರಸ ಹುಟ್ಟಿಸುತ್ತದೆ. ಅಲ್ಲಿಗೆ ಒಂದೇ ಸುರಂಗ ಇದ್ದರೂ ಇಡೀ ಗೆಣಸು ಬಾಯಿಗೆ ಇಡುವ ಹಾಗಿಲ್ಲ. ದನಕ್ಕೆ ಹಾಕಬಹುದು ಅಂದರಲ್ಲ, ನಮ್ಮ ಹಸು ಮೂಸಿ ನೋಡಿ ಮುಖ ತಿರುಗಿಸಿತು. ಅದು ತಿನ್ನದೇ ಇದ್ದದ್ದು ಒಳ್ಳೆಯದೇ ಆಯಿತು. ಹಾಗೆ ಕೆಟ್ಟ ಗೆಣಸು ದನಕ್ಕೂ ವಿಷ. ಐದನೇ ಒಂದು ಭಾಗ ಅಂತ ತೆಗೆದಿಟ್ಟ ಲೆಕ್ಕ ಆ ವರ್ಷ ನಮಗೆ ಅರ್ಧಕ್ಕೆ ಬಂತು.

ಇದನ್ನು ತಡೆಯುವುದಕ್ಕೆ ಆಗುತ್ತದೆ. ಮಣ್ಣು ಏರಿಸಿ ಬಿರುಕು ಮುಚ್ಚಬೇಕು, ಗಂಡು ಹುಳು ಹಿಡಿಯುವ ಮೋಹಕ ಬಲೆ ಕಟ್ಟಬೇಕು, ಹಳೆ ಬಳ್ಳಿ-ಗೆಡ್ಡೆ ಹೊಲದಲ್ಲಿ ಉಳಿಯಬಾರದು, ಬಲಿತ ಕೂಡಲೇ ಅಗೆಯಬೇಕು. ಎಲ್ಲಕ್ಕೂ ಕೆಲಸ ಬೇಕು, ಕೆಲಸಕ್ಕೆ ಕೂಲಿ ಬೇಕು. ಪಕ್ಕದ ಹೊಲದವರು ಮಾಡದಿದ್ದರೆ ನೀವು ಮಾಡಿದ್ದೂ ಅರೆಬರೆ. ಜಪಾನಿನ ಕುಮೆ ದ್ವೀಪದಲ್ಲಿ ಈ ಹುಳುವನ್ನು ಪೂರ್ತಿ ತೊಲಗಿಸಿದರು. ಸಂತಾನ ಆಗದ ಗಂಡು ಹುಳುಗಳನ್ನು ಬಿಟ್ಟು, ಬಿಟ್ಟು, 1994ರಲ್ಲಿ ಶುರು ಮಾಡಿದ್ದು 2013ಕ್ಕೆ ಮುಗಿಯಿತು. ಸುತ್ತಲೂ ಸಮುದ್ರ ಇದ್ದೂ ಸರ್ಕಾರಕ್ಕೇ ಅಷ್ಟು ವರ್ಷ ಹಿಡಿಯಿತು. ನನ್ನ ಹೊಲಕ್ಕೆ ಸುತ್ತ ಇರುವುದು ಬೇರೆಯವರ ಬದು.

ಸರಿ, ಬೇಗ ಅಗೆದು ಮನೆಯಲ್ಲಿ ಇಟ್ಟುಕೊಳ್ಳೋಣ ಅಂದರೆ ಅದೂ ಸುಲಭವಲ್ಲ. ಹೆಚ್ಚು ದಿನ ಇಡಬೇಕಾದರೆ ಮೊದಲು ಸುಮಾರು 30 ಡಿಗ್ರಿ ಬಿಸಿಯಲ್ಲಿ, ಶೇ. 85ರಿಂದ 90 ತೇವಾಂಶದಲ್ಲಿ ನಾಲ್ಕರಿಂದ ಏಳು ದಿನ ಇಟ್ಟು ಗಾಯ ಮಾಯಿಸಬೇಕು. ಆಮೇಲೆ 13ರಿಂದ 15 ಡಿಗ್ರಿ. ಹೀಗೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಅಂಥ ಕೋಣೆ ಯಾರ ಹತ್ತಿರ ಇದೆ? ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್‌ಗೆ ಹಾಕೋಣ ಅಂದರೆ ಅಲ್ಲಿನ ಚಳಿಗೆ ಗೆಣಸು ಒಳಗೇ ಗಟ್ಟಿಯಾಗಿ ಕೆಡುತ್ತದೆ. ಗಾಡಿಯಲ್ಲಿ ತಂದಿದ್ದನ್ನು ನೀವು ವಾಪಸ್ ಒಯ್ಯುವುದಿಲ್ಲ ಅಂತ ಕೊಳ್ಳುವವರಿಗೆ ಗೊತ್ತು. ದರ ಮಾತಾಡುವಾಗ ಅವರಿಗೆ ಅವಸರವೇ ಇರುವುದಿಲ್ಲ.

ಒಣಗಿಸಿ ಹಿಟ್ಟು ಮಾಡಿ ಅನ್ನುತ್ತಾರೆ ಕೆಲವರು. ಗೆಣಸಿನ ಮುಕ್ಕಾಲು ಭಾಗ ನೀರು. ನಾಲ್ಕು ಕಿಲೋ ಒಣಗಿಸಿದರೆ ಒಂದು ಕಿಲೋ. ಹಸಿ ಗೆಣಸಿಗೆ ಸಿಗುವ ದರದ ನಾಲ್ಕು ಪಟ್ಟು ಸಿಕ್ಕರೆ ಮೊದಲಿನ ಜಾಗಕ್ಕೆ ಬಂದ ಹಾಗೆ. ತೊಳೆದು, ಹೆಚ್ಚಿ, ಒಣಗಿಸಿದ ಕೆಲಸಕ್ಕೆ ಅದರ ಮೇಲೆ ಸಿಗಬೇಕು.

ಬಿಟ್ಟಿ ಬಳ್ಳಿಯ ವಿಷಯ. ಸಾಲದ ಬಡ್ಡಿ ಥರ, ಅದರ ಖರ್ಚು ಮೊದಲ ವರ್ಷ ಕಾಣುವುದಿಲ್ಲ. ಎಲೆಯ ರಸ ಹೀರುವ ಸಸ್ಯಹೇನು ಒಂದು ವೈರಸ್ ತರುತ್ತದೆ, ಬಿಳಿ ನೊಣ ಇನ್ನೊಂದನ್ನು. ಒಂದೊಂದೇ ಬಂದರೆ ಗಿಡ ಹೇಗೋ ತಡೆಯುತ್ತದೆ. ಎರಡೂ ಸೇರಿದರೆ ಎಲೆ ಸಣ್ಣದಾಗಿ ಮುರುಟಿಕೊಂಡು ಇಳುವರಿ ಅರ್ಧಕ್ಕಿಂತ ಕೆಳಗೆ ಬೀಳಬಹುದು. ವರ್ಷ ವರ್ಷ ಅದೇ ಬಳ್ಳಿ ಕತ್ತರಿಸಿ ನೆಟ್ಟರೆ ವೈರಸ್ಸನ್ನೂ ಜೊತೆಗೇ ನೆಟ್ಟ ಹಾಗೆ. ಮೂತಿಹುಳುವಿನ ಮೊಟ್ಟೆ ಬಳ್ಳಿಯ ಬುಡದಲ್ಲೂ ಇರುತ್ತದೆ. ಹಾಗಾಗಿ ಆಗಾಗ ರೋಗ ಇಲ್ಲದ ಬಳ್ಳಿ ಕೊಂಡು ತರಲೇಬೇಕು.

ಅದೇ ಜಾಗದಲ್ಲಿ ಮತ್ತೆ ಮತ್ತೆ ಗೆಣಸು ಹಾಕುವ ಹಾಗೂ ಇಲ್ಲ, ಹುಳು ಅಲ್ಲೇ ಮನೆ ಮಾಡುತ್ತದೆ. ಹತ್ತು ಎಕರೆ ಇದ್ದವರು ಜಾಗ ಬದಲಿಸುತ್ತಾರೆ. ಕಾಲು ಎಕರೆಯವರು ಎಲ್ಲಿಗೆ ಹೋಗಬೇಕು? ಗೆಣಸಿನ ಲಾಭವನ್ನು ಆ ಒಂದು ಬೆಳೆಗೆ ಮಾತ್ರ ಲೆಕ್ಕ ಹಾಕಿದರೆ ಸಾಲದು, ಮಧ್ಯೆ ಗೆಣಸು ಹಾಕಲಾಗದ ಹಂಗಾಮುಗಳನ್ನೂ ಸೇರಿಸಬೇಕು.

ಕೊಳ್ಳುವವರು ಮೊದಲೇ ಗೊತ್ತಿದ್ದು, ಎಷ್ಟು ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದರೆ ನಾನೂ ಹಾಕುತ್ತೇನೆ. ಅದೂ ಒಂದೇ ಸಲ ಅಲ್ಲ, ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೆಟ್ಟು, ಒಂದೇ ದಿನ ರಾಶಿ ಬೀಳದ ಹಾಗೆ. ಅಂಥವರು ಈ ವರ್ಷ ಯಾರೂ ಸಿಗಲಿಲ್ಲ. ಮನೆಗೆ ಅಂತ ನಾಲ್ಕು ಬೋದು ಹಾಕಿ ಉಳಿದ ಕಡೆ ಜೋಳ ಬಿತ್ತಿದ್ದೇನೆ. ಬಳ್ಳಿ ಮಿಕ್ಕಿದೆ, ಮುರುಟಿದ್ದನ್ನೆಲ್ಲ ಆಗಲೇ ಕಿತ್ತು ಹಾಕಿದ್ದೇನೆ. ಬೇಕಾದವರು ಬಂದು ಕತ್ತರಿಸಿಕೊಳ್ಳಿ. ತುದಿ ಮಾತ್ರ, ಬುಡ ಬೇಡ.