ಅಂತರಿಕ್ಷ ನೌಕೆಯಲ್ಲಿ ಬಟ್ಟೆ ಒಗೆಯೋರು ಯಾರು?

ಮನೆಗೆ ಬಂದವರು ಟಿವಿಯಲ್ಲಿ ಯಾವುದೋ ಸೈನ್ಸ್ ಫಿಕ್ಷನ್ ಧಾರಾವಾಹಿಯ ಅಂತರಿಕ್ಷ ನೌಕೆ ನೋಡಿದ ಕೂಡಲೇ "ಓ, ಮಕ್ಕಳು ನೋಡ್ತಿದಾರಾ?" ಅಂತ ಕೇಳುತ್ತಾರೆ. ಮಕ್ಕಳು ಒಳಗೆ ಅವರ ಪಾಡಿಗೆ ಅವರಿದ್ದಾರೆ. ನೋಡುತ್ತಿರುವವಳು ನಾನು. ಮಡಿಲಲ್ಲಿ ಒಣಗಿದ ಬಟ್ಟೆಯ ರಾಶಿ, ಕೈಯಲ್ಲಿ ಜೋಡಿ ಕಳೆದುಕೊಂಡ ಒಂದು ಸಾಕ್ಸ್, ಕಣ್ಣು ಮಾತ್ರ ಟಿವಿ ಮೇಲೆ. "ಇಲ್ಲ, ನಾನೇ" ಅಂದರೆ ಅರೆ ಗಳಿಗೆ ಮಾತಿಲ್ಲ. ಆಮೇಲೆ ಒಂದು ನಗು. ಆ ನಗು ನನಗೆ ಚೆನ್ನಾಗಿ ಗೊತ್ತು. ಇದೇ ನಾನು ಸಂಸಾರದ ಧಾರಾವಾಹಿ ನೋಡುತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ. ದಿನವಿಡೀ ಮ್ಯಾಚ್ ನೋಡುವ ಗಂಡಸನ್ನು "ಮಕ್ಕಳಿಗೋಸ್ಕರನಾ?" ಅಂತ ಯಾರಾದರೂ ಕೇಳಿದ್ದು ನೋಡಿದ್ದೀರಾ?

ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಿದ್ದವರು ಓದಿ.

ಮೊದಲು ನನ್ನದೊಂದು ಸುಳ್ಳು ಒಪ್ಪಿಕೊಂಡುಬಿಡುತ್ತೇನೆ. ಆ ನಗುವಿನಿಂದ ತಪ್ಪಿಸಿಕೊಳ್ಳೋಕೆ ಎಷ್ಟೋ ವರ್ಷ "ಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಬರಲಿ ಅಂತ ಹಾಕ್ತೀನಿ" ಅನ್ನುತ್ತಿದ್ದೆ. ಶುದ್ಧ ಸುಳ್ಳು. ಇವನ್ನು ನೋಡಿ ವಿಜ್ಞಾನ ಕಲಿತರೆ ಪರೀಕ್ಷೆಯಲ್ಲಿ ಸೊನ್ನೆ ಖಾತ್ರಿ. ಗಾಳಿಯೇ ಇಲ್ಲದ ಕಡೆ ನೌಕೆಗಳು ಗುಂಯ್ ಅಂತ ಸದ್ದು ಮಾಡುತ್ತಾ ಹೋಗುತ್ತವೆ. ದೀಪ ಆರಲಿ, ಇಂಜಿನ್ ಕೆಡಲಿ, ಉಸಿರಾಡುವ ಗಾಳಿ ಮುಗಿಯುತ್ತಾ ಬರಲಿ, ನೌಕೆಯೊಳಗಿನ ಗುರುತ್ವಾಕರ್ಷಣೆ ಮಾತ್ರ ಸಾಮಾನ್ಯವಾಗಿ ಕೆಡುವುದೇ ಇಲ್ಲ. ವಾರವಾರ ನಟರನ್ನು ತೇಲಿಸೋಕೆ ದುಡ್ಡೆಲ್ಲಿಂದ ತರಬೇಕು? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದಿಂದ ಬೆಳಕು ಬಂದು ಸೇರೋಕೆ 4 ವರ್ಷಕ್ಕಿಂತ ಜಾಸ್ತಿ ಬೇಕು. ಇವರು ಜಾಹೀರಾತು ಮುಗಿಯುವಷ್ಟರಲ್ಲಿ ತಲುಪಿರುತ್ತಾರೆ. 9 ವರ್ಷದ ನನ್ನ ಮಗಳು ಇದನ್ನೆಲ್ಲ ಬೆರಳು ಮಡಚಿ ಲೆಕ್ಕ ಇಡುತ್ತಾಳೆ.

"ಅಮ್ಮಾ, ಮತ್ತೆ ಸದ್ದು ಬಂತು."

"ಗೊತ್ತು ಕಣೇ, ಸುಮ್ನೆ ನೋಡು."

ಹಾಗಾದರೆ ಯಾಕೆ ನೋಡ್ತೀಯಾ ಅಂತ ನಮ್ಮನೆಯವರು ಒಮ್ಮೆ ಕೇಳಿದ್ದರು. ಉತ್ತರ ಹೊಳೆಯುವಷ್ಟರಲ್ಲಿ ನಿದ್ದೆ ಹೋಗಿದ್ದರು. ಅವರದು ಒಂದು ಅಭ್ಯಾಸ. ಶುರುವಾದ ಹತ್ತೇ ನಿಮಿಷಕ್ಕೆ ನಿದ್ದೆ. ಮುಗಿಯೋಕೆ ಐದು ನಿಮಿಷ ಇರುವಾಗ ಎದ್ದು "ಇವನು ಒಳ್ಳೆಯವನಾ, ಕೆಟ್ಟವನಾ?" ಅಂತ ಕೇಳುತ್ತಾರೆ. ಒಂದು ಸಲ, ಕಾಲದಲ್ಲೂ ಅಂತರಿಕ್ಷದಲ್ಲೂ ಅಲೆಯುವ 'ಡಾಕ್ಟರ್' ಅನ್ನುವವನ ಕಥೆಯಾದ ಬಿಬಿಸಿಯ 'ಡಾಕ್ಟರ್ ಹೂ'ನಲ್ಲಿ ಒಬ್ಬ ನಟ ಹೋಗಿ ಇನ್ನೊಬ್ಬ ಬರುವ ಎಪಿಸೋಡ್. ಎಚ್ಚರವಾದವರೇ ಕಣ್ಣುಜ್ಜಿಕೊಂಡು, "ಯಾರಿದು? ಮೊದಲಿದ್ದವನು ಎಲ್ಲಿ ಹೋದ?" ಅಂದರು. "ಅದೇ ಮನುಷ್ಯ ರೀ" ಅಂದೆ. ಅವರು ನನ್ನನ್ನು ನೋಡಿದ ರೀತಿ ಇದೆಯಲ್ಲ, ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

ಅವತ್ತು ಹೊಳೆಯದ ಉತ್ತರ ಈಗ ಹೊಳೆದಿದೆ. ಈ ಕಾರ್ಯಕ್ರಮಗಳನ್ನು ಕಟ್ಟಿದ ರೀತಿಯೂ ನಾವು ಮನೆ ನಡೆಸುವ ರೀತಿಯೂ ಒಂದೇ. ದುಡ್ಡು ಕಡಿಮೆ, ಹೊತ್ತು ಕಡಿಮೆ, ಆದರೂ ವಾರದ ಆ ಹೊತ್ತಿಗೆ ಹೊಸ ಗ್ರಹ ಸಿದ್ಧವಾಗಿರಲೇಬೇಕು. ಇದ್ದುದರಲ್ಲೇ ಹೊಂದಿಸಬೇಕು. ಸಾಕ್ಸ್ ಜೋಡಿ ಸಿಗದಿದ್ದರೆ ಬಣ್ಣ ಹತ್ತಿರ ಇರೋ ಎರಡನ್ನು ಹಾಕಿ ಮಗುವನ್ನು ಶಾಲೆಗೆ ಕಳಿಸ್ತೀವಲ್ಲ, ಅದೇ ಬುದ್ಧಿ.

'ಡಾಕ್ಟರ್ ಹೂ' ಶುರುವಾಗಿದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಮಾರನೇ ದಿನ. ಎಲ್ಲರ ಮನಸ್ಸೂ ಬೇರೆಲ್ಲೋ ಇತ್ತು ಅಂತ ಮುಂದಿನ ವಾರ ಮೊದಲ ಎಪಿಸೋಡನ್ನೇ ಮತ್ತೊಮ್ಮೆ ಹಾಕಬೇಕಾಯಿತು. ಮುಖ್ಯ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಮೂರೇ ವರ್ಷದಲ್ಲಿ ಕೈಕೊಟ್ಟಿತು. ಬೇರೆಯವರಾಗಿದ್ದರೆ ಕಾರ್ಯಕ್ರಮ ನಿಲ್ಲಿಸುತ್ತಿದ್ದರೋ ಏನೋ. ಇವರು "ಈ ಮನುಷ್ಯ ಸಾಯುವ ಹೊತ್ತಿಗೆ ಹೊಸ ದೇಹ ಪಡೀತಾನೆ" ಅಂತ ಕಥೆಗೇ ತಿರುವು ಕೊಟ್ಟು, 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದು ನಿಲ್ಲಿಸಿದರು. ಕಷ್ಟಕ್ಕೆ ಹುಡುಕಿದ ಆ ಉಪಾಯ ಇವತ್ತಿಗೂ ಕಾರ್ಯಕ್ರಮವನ್ನು ನಡೆಸುತ್ತಿದೆ.

ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯದು ಇನ್ನೂ ಮಜಾ. 1966ರಲ್ಲಿ ಶುರುವಾದಾಗ, ಪ್ರತಿ ವಾರ ನೌಕೆ ಒಂದು ಗ್ರಹದ ಮೇಲೆ ಇಳಿಯುವುದನ್ನು ತೋರಿಸುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಅದಕ್ಕೇ ನಿಂತಲ್ಲೇ ಮಾಯವಾಗಿ ಇನ್ನೊಂದು ಕಡೆ ಮೂಡುವ ಯಂತ್ರ ಹುಟ್ಟಿತು. ಮಾಯವಾಗುವಾಗ ಕಾಣುವ ಆ ಮಿನುಗು ಬೇರೇನಲ್ಲ, ಜೋರು ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ. ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ರೋಗಿಯ ಮೇಲೆ ಆಡಿಸುವ ಉಪಕರಣಗಳಲ್ಲಿ ಕೆಲವು ಏನು ಗೊತ್ತಾ? ಉಪ್ಪು ಉದುರಿಸುವ ಡಬ್ಬಿಗಳು! ಕಥೆಯಲ್ಲಿ ಉಪ್ಪಿನ ಡಬ್ಬಿ ಬೇಕು ಅಂತಲೇ ತಂದಿದ್ದರು. ನೋಡಿದರೆ ಉಪ್ಪಿನ ಡಬ್ಬಿ ಅಂತ ಜನಕ್ಕೆ ಗೊತ್ತೇ ಆಗಲ್ಲ, ಅಷ್ಟು ವಿಚಿತ್ರ ಆಕಾರ. ತಂದದ್ದು ದಂಡ ಆಗಬಾರದಲ್ಲ, ಆಸ್ಪತ್ರೆಗೆ ಹಾಕಿದರು. ನಮ್ಮಜ್ಜಿ ಕೇಳಿದ್ದರೆ ಭೇಷ್ ಅನ್ನುತ್ತಿದ್ದರು.

ಇನ್ನು ಆ ಬಾಗಿಲುಗಳು. ಜನ ಹತ್ತಿರ ಬಂದ ಕೂಡಲೇ ತಾವಾಗೇ ಸುಂಯ್ ಅಂತ ಸರಿಯುತ್ತವಲ್ಲ, ಅವನ್ನು ಗೋಡೆಯ ಹಿಂದೆ ನಿಂತ ಮನುಷ್ಯರು ಕೈಯಿಂದ ಎಳೆಯುತ್ತಿದ್ದರು. ಒಂದು ಕ್ಷಣ ತಡವಾದರೆ ನಟ ಹೋಗಿ ಬಾಗಿಲಿಗೆ ಡಿಕ್ಕಿ. ಇದನ್ನು ಮಕ್ಕಳಿಗೆ ಹೇಳಿದ್ದೇ ತಪ್ಪಾಯಿತು. ಈಗ ನಾನು ಬಟ್ಟೆಯ ಬುಟ್ಟಿ ಹಿಡಿದು ಬಂದರೆ ಬಾಗಿಲಿನ ಪರದೆಯ ಆ ಕಡೆ ಈ ಕಡೆ ಇಬ್ಬರೂ ಅಡಗಿರುತ್ತಾರೆ. ಮಗ ಬಾಯಲ್ಲಿ ಸುಂಯ್ ಅನ್ನುತ್ತಾನೆ, ಮಗಳು ಎಳೆಯುತ್ತಾಳೆ. ಅವಳು ಯಾವಾಗಲೂ ಅರ್ಧ ಸೆಕೆಂಡು ತಡ. ಮುಖದ ತುಂಬ ಪರದೆ. ಒಮ್ಮೆ ಕೊಂಡಿ ಸಮೇತ ಪರದೆ ಕೆಳಗೆ ಬಂತು. ಬೈದೆ. ಆದರೆ ನಿಜ ಹೇಳಲಾ, ಅವಳು ಸರಿಯಾದ ಹೊತ್ತಿಗೆ ಎಳೆದ ದಿನ ನನಗೆ ಏನೋ ಕಡಿಮೆಯಾದ ಹಾಗಿರುತ್ತದೆ.

ಮಗನದು ಬೇರೆ ದಾರಿ. 14 ವರ್ಷ. ಕಥೆ ಅವನಿಗೆ ಬೇಡ, ಹಳೇ ಎಪಿಸೋಡುಗಳ ರಟ್ಟಿನ ಬಂಡೆ ನೋಡಿ ಬಿದ್ದು ಬಿದ್ದು ನಗುತ್ತಾನೆ. ಆದರೆ 'ಡಾಕ್ಟರ್ ಹೂ'ನಲ್ಲಿ ನೌಕೆಯಾಗಿರುವ ಆ ನೀಲಿ ಪೆಟ್ಟಿಗೆ ಹೊರಡುವಾಗ ಒಂದು ಸದ್ದು ಬರುತ್ತದಲ್ಲ, ಏದುಸಿರು ಬಿಡುವ ಹಾಗೆ? ಬ್ರಯಾನ್ ಹಾಡ್ಜ್‌ಸನ್ ಅನ್ನುವವರು ಪಿಯಾನೋದ ತಂತಿಗಳ ಮೇಲೆ ಮನೆ ಬೀಗದ ಕೈ ಉಜ್ಜಿ ಅದನ್ನು ಮಾಡಿದರು ಅಂತ ಹೇಳಿದೆ ನೋಡಿ, ಅವನು ಎದ್ದು ಹೋದ. ಮನೆಯಲ್ಲಿ ಪಿಯಾನೋ ಇಲ್ಲ, ಗಿಟಾರ್ ಇದೆ. ದಪ್ಪ ತಂತಿ ಮೇಲೆ ಮುಂಬಾಗಿಲ ಕೀಲಿಕೈ ಇಟ್ಟು ಮೇಲಿಂದ ಕೆಳಕ್ಕೆ ಎಳೆದ. ಕರ್ಕಶ. ನಿಧಾನ ಮಾಡಿ ಎಳೆದ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವೇಗ ತಗ್ಗಿಸಿ, ಮತ್ತೆ ಮತ್ತೆ ಕೇಳಿದ. ಒಂದು ಗಂಟೆ ಕಳೆದ ಮೇಲೆ ಒಳಗಿಂದ ಆ ಏದುಸಿರು ಬಂತು! ಪೂರ್ತಿ ಅಲ್ಲ, ಅದರ ದೂರದ ಸಂಬಂಧಿ ಅನ್ನಬಹುದು. ನಾನು ಓಡಿ ಹೋದೆ. ಅಷ್ಟರಲ್ಲಿ ತಂತಿ ಟಪ್ ಅಂತ ಕಿತ್ತಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ.

ಈಗ ಬಟ್ಟೆಯ ವಿಷಯ. ಮೊನ್ನೆ ಎಂದಿನ ಹಾಗೆ ಟಿವಿ ಮುಂದೆ ಬಟ್ಟೆ ಮಡಚುತ್ತಿದ್ದೆ. ಮಗಳು ನನ್ನ ಕೈ ನೋಡಿದಳು, ಟಿವಿ ನೋಡಿದಳು, ಮತ್ತೆ ನನ್ನ ಕೈ ನೋಡಿದಳು.

"ಅಮ್ಮಾ, ಅಲ್ಲಿ ಬಟ್ಟೆ ಒಗೆಯೋರು ಯಾರು?"

ಕೈ ಅಲ್ಲೇ ನಿಂತಿತು. ಇಪ್ಪತ್ತೈದು ವರ್ಷದಿಂದ ನೋಡುತ್ತಿದ್ದೇನೆ. ಕ್ಯಾಪ್ಟನ್ ಅಂಗಿ ಹರಿಯುತ್ತದೆ, ಮಣ್ಣಾಗುತ್ತದೆ, ಮುಂದಿನ ದೃಶ್ಯದಲ್ಲಿ ಇಸ್ತ್ರಿ ಮಾಡಿದ ಹೊಸದು. ಒಂದೇ ಒಂದು ದಿನ ನನಗೆ ಈ ಪ್ರಶ್ನೆ ಬಂದಿರಲಿಲ್ಲ. ಅದೂ ಮಡಿಲಲ್ಲಿ ಬಟ್ಟೆ ಇಟ್ಟುಕೊಂಡು!

ನಿಜವಾದ ಅಂತರಿಕ್ಷ ನಿಲ್ದಾಣದ ಕಥೆ ಮಾತ್ರ ನನಗೆ ಗೊತ್ತಿತ್ತು. ಭೂಮಿಯನ್ನು ಸುತ್ತುತ್ತಿರುವ ಐಎಸ್‌ಎಸ್‌ನಲ್ಲಿ ಬಟ್ಟೆ ಒಗೆಯುವ ಯಂತ್ರ ಇಲ್ಲ. ನೀರು ಅಲ್ಲಿ ಅಷ್ಟು ದುಬಾರಿ. ಒಂದೇ ಬಟ್ಟೆಯನ್ನು ಆದಷ್ಟು ದಿನ ಹಾಕಿಕೊಳ್ಳುತ್ತಾರೆ. ಇನ್ನು ಸಾಧ್ಯವೇ ಇಲ್ಲ ಅನ್ನಿಸಿದಾಗ, ಸಾಮಾನು ತಂದ ನೌಕೆ ಖಾಲಿಯಾಗಿರುತ್ತದಲ್ಲ, ಅದರಲ್ಲಿ ಕಸದ ಜೊತೆ ತುಂಬಿ ಕಳಿಸುತ್ತಾರೆ. ಅದು ವಾತಾವರಣಕ್ಕೆ ಬಂದು ಉರಿದುಹೋಗುತ್ತದೆ. ಆಕಾಶದಲ್ಲಿ ಏನೋ ಉರಿದು ಬಿತ್ತು ಅಂದರೆ ಅದರಲ್ಲಿ ಯಾರದೋ ಚಡ್ಡಿ ಬನಿಯನ್ನೂ ಇರಬಹುದು.

ಮಗಳ ಮುಖ ಅರಳಿತು. "ನಾವೂ ಹಂಗೇ ಮಾಡಣ?" ಅಂದಳು. ನಮ್ಮನೆಯವರು ಅದಕ್ಕೆ ಮಾತ್ರ ಎಚ್ಚರವಾದರು.

ಈ ಹುಚ್ಚನ್ನು ಮಕ್ಕಳಿಗೂ ಹತ್ತಿಸಬೇಕಾ ಅಂತ ಕೆಲವರು ಕೇಳುತ್ತಾರೆ. ನನ್ನ ಮಾತು ಇಷ್ಟೇ: ಕೂರಿಸಬೇಡಿ. ನಾನು ಕೂರಿಸಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮಗನಿಗೆ 10 ವರ್ಷ ಆದಾಗ ರಜೆಯಲ್ಲಿ ದಿನಕ್ಕೆ ಒಂದು ಎಪಿಸೋಡ್ ಅಂತ ಪಟ್ಟಿ ಹಾಕಿದ್ದೆ. ಮೊದಲ ವಾರ ನೋಡಿದ. ಎರಡನೇ ವಾರ ನನ್ನ ಮನಸ್ಸಿಗೆ ನೋವಾಗಬಾರದು ಅಂತ ನೋಡಿದ. ಅದು ಗೊತ್ತಾದ ದಿನ ನನಗೇ ನಾಚಿಕೆಯಾಯಿತು. ನಾನು ಸಂತೋಷಕ್ಕೆ ನೋಡುವುದನ್ನು ಅವನಿಗೆ ಹೋಂವರ್ಕ್ ಮಾಡಿಟ್ಟಿದ್ದೆ.

ಹಾಗೆ ನೋಡಿದರೆ ಈ ಪಾಠ 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್'ನಲ್ಲೇ ಇತ್ತು. 1993ರಿಂದ 1999ರವರೆಗೆ ಬಂದದ್ದು. ಅಲ್ಲಿನ ಅಂತರಿಕ್ಷ ನಿಲ್ದಾಣದ ಮುಖ್ಯಸ್ಥ ಬೆಂಜಮಿನ್ ಸಿಸ್ಕೋಗೆ ಹೆಂಡತಿ ಇಲ್ಲ. ಯುದ್ಧ, ರಾಜಕೀಯ, ಅನ್ಯಗ್ರಹದವರ ತಕರಾರು ಎಲ್ಲದರ ನಡುವೆ ಮಗ ಜೇಕ್‌ನನ್ನು ಒಬ್ಬನೇ ಬೆಳೆಸುತ್ತಾನೆ. ಮಗ ತನ್ನ ಹಾಗೇ ಅಂತರಿಕ್ಷ ಪಡೆಯಾದ ಸ್ಟಾರ್‌ಫ್ಲೀಟ್ ಸೇರಲಿ ಅಂತ ಅಪ್ಪನ ಆಸೆ. ಮಗನಿಗೆ ಅದು ಬೇಡ, ಬರೆಯಬೇಕು. ಅಪ್ಪ ಒಪ್ಪಿಕೊಳ್ಳುತ್ತಾನೆ, ಕೂಗಾಟವಿಲ್ಲದೆ. ಇದನ್ನು ಎಷ್ಟು ಸಲ ನೋಡಿ "ಎಂಥ ಅಪ್ಪ!" ಅಂದಿದ್ದೀನೋ. ನನ್ನ ಮಗ ಎದ್ದು ಹೋಗಲು ನೋಡಿದಾಗ ಮಾತ್ರ ರಿಮೋಟ್ ಹಿಡಿದು "ಇನ್ನು ಐದೇ ನಿಮಿಷ ಕಣೋ" ಅನ್ನುತ್ತಿದ್ದೆ.

ಕೂರಿಸಬೇಡಿ ಅಂದೆ, ಓಡಿಸಿ ಅನ್ನಲಿಲ್ಲ. ಅದಕ್ಕೊಂದು ಕಥೆ ಇದೆ. ಮೊದಲ 'ಸ್ಟಾರ್ ಟ್ರೆಕ್'ನಲ್ಲಿ ನೌಕೆಯ ಅಧಿಕಾರಿ ಉಹುರಾ ಪಾತ್ರ ಮಾಡಿದ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಮೊದಲ ಸೀಸನ್ ಮುಗಿದ ಮೇಲೆ ಬಿಟ್ಟುಬಿಡೋಣ ಅಂತ ತೀರ್ಮಾನಿಸಿದ್ದರಂತೆ. ಒಂದು ಸಮಾರಂಭದಲ್ಲಿ ನಿಮ್ಮ ಅಭಿಮಾನಿಯೊಬ್ಬರು ಭೇಟಿಯಾಗಬೇಕಂತೆ ಅಂತ ಯಾರೋ ಕರೆದರು. ತಿರುಗಿದರೆ ಮಾರ್ಟಿನ್ ಲೂಥರ್ ಕಿಂಗ್! ನಾನೂ ನನ್ನ ಹೆಂಡತಿಯೂ ಮಕ್ಕಳಿಗೆ ಹೊತ್ತು ಮೀರಿ ಎಚ್ಚರವಿದ್ದು ನೋಡೋಕೆ ಬಿಡುವುದು ಇದೊಂದನ್ನೇ ಅಂದರಂತೆ. ಬಿಡುತ್ತೇನೆ ಅಂದಾಗ, ಬಿಡಲೇಕೂಡದು ಅಂದರು. ನಿಕೋಲ್ಸ್ ಉಳಿದರು. 1977ರಲ್ಲಿ ಅವರೇ ನಾಸಾಕ್ಕೆ ಗಗನಯಾತ್ರಿಗಳಾಗಿ ಹೆಂಗಸರೂ ಕಪ್ಪು ಜನರೂ ಅರ್ಜಿ ಹಾಕಲಿ ಅಂತ ಪ್ರಚಾರ ಮಾಡಿದರು. 1978ರಲ್ಲಿ ಆಯ್ಕೆಯಾದ 35 ಜನರಲ್ಲಿ 6 ಹೆಂಗಸರಿದ್ದರು. ಚಿಕ್ಕವಳಿದ್ದಾಗ ಉಹುರಾಳನ್ನು ಟಿವಿಯಲ್ಲಿ ನೋಡಿದ್ದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದರು. ಅಲ್ಲಿಗೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ.

ನನಗೆ ಇದರಲ್ಲಿ ಇಷ್ಟವಾಗೋದು ನಾಸಾ ಅಲ್ಲ. ಕಿಂಗ್ ಅವರ ಮನೆ. ಅಷ್ಟು ಹೋರಾಟ, ಅಷ್ಟು ಓಡಾಟ, ಅದರ ಮಧ್ಯೆ ಮಕ್ಕಳಿಗೆ "ಸರಿ, ಇವತ್ತು ಸ್ವಲ್ಪ ಲೇಟಾಗಿ ಮಲಗಿ" ಅಂದ ಒಬ್ಬ ಅಪ್ಪ. ಇನ್ನು ಮೇಲೆ ಯಾರಾದರೂ ಆ ನಗು ನಕ್ಕರೆ ಇದನ್ನೇ ಹೇಳುವುದು ಅಂತ ಇದ್ದೇನೆ.

ಕೊನೆಗೊಂದು ವಿಷಯ. 1960ರ ದಶಕದ 'ಡಾಕ್ಟರ್ ಹೂ' ಎಪಿಸೋಡುಗಳ ಟೇಪುಗಳನ್ನು ಬಿಬಿಸಿ ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿತ್ತು. ಎಷ್ಟೋ ಎಪಿಸೋಡುಗಳ ಚಿತ್ರ ಇಲ್ಲವೇ ಇಲ್ಲ. ಆದರೆ ಅವೆಲ್ಲದರ ಧ್ವನಿ ಉಳಿದಿದೆ. ಯಾಕೆ ಅಂದರೆ, ಆಗಿನ ಅಭಿಮಾನಿಗಳು ತಮ್ಮ ತಮ್ಮ ಮನೆಗಳಲ್ಲಿ ಟಿವಿ ಹತ್ತಿರ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರು.

"ಪಾಪ, ಅವರ ಮನೆಯವರು!" ಅಂದ ನನ್ನ ಮಗ. ಆದರೂ ತಲೆಗೆ ಹುಳ ಬಿಟ್ಟ ಹಾಗಾಯಿತು. ಕಳೆದ ಶನಿವಾರ ಟಿವಿ ಮುಂದೆ ಸ್ಟೂಲ್ ಹಾಕಿ, ಅದರ ಮೇಲೆ ಫೋನ್ ಇಟ್ಟು, ಒಂದು ಇಡೀ ಎಪಿಸೋಡ್ ರೆಕಾರ್ಡ್ ಮಾಡಿದ. ಯಾರೂ ಉಸಿರೆತ್ತಬಾರದು ಅಂತ ಅಪ್ಪಣೆ. ಮಾರನೇ ದಿನ ನಾನೂ ಅವನೂ ಇಯರ್‌ಫೋನಿನ ಒಂದೊಂದು ಬದಿ ಕಿವಿಗಿಟ್ಟುಕೊಂಡು ಕೇಳಿದೆವು. ಮೊದಲು ಸಂಗೀತ ಚೆನ್ನಾಗಿಯೇ ಬಂದಿತ್ತು. ಹತ್ತನೇ ನಿಮಿಷಕ್ಕೆ ಸರಿಯಾಗಿ ಗೊರಕೆ. ಆಮೇಲೆ ಬಾಗಿಲ ಪರದೆಯ ಕೊಂಡಿಗಳ ಕಿಣಿಕಿಣಿ. "ಅಣ್ಣಾ, ಮುಗೀತಾ?" ಅಂತ ಮಗಳ ಪಿಸುಮಾತು. ಅದರ ಬೆನ್ನಿಗೇ, ಮಿಕ್ಕ ಎಲ್ಲ ಸದ್ದನ್ನೂ ನುಂಗಿ ಹಾಕುವಷ್ಟು ಜೋರಾಗಿ, "ಶ್! ಯಾರೂ ಮಾತಾಡಬೇಡಿ ಅಂದ್ನಲ್ಲ!" ಅನ್ನುವ ನನ್ನದೇ ದನಿ.

ಅಷ್ಟರಲ್ಲಿ ಡಾಕ್ಟರ್ ಏನೋ ಮುಖ್ಯವಾದದ್ದು ಹೇಳಿಬಿಟ್ಟಿದ್ದ. ಎರಡು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆವು. ಗೊತ್ತಾಗಲಿಲ್ಲ.