ಆ ಕೈ ಹಿಂದಕ್ಕೆ ಹೋಯಿತು

ನಿನ್ನೆಯಿಂದ ಮನಸ್ಸು ಕುದಿಯುತ್ತಿದೆ. ಬರೆದುಬಿಟ್ಟರೆ ಸ್ವಲ್ಪ ತಣ್ಣಗಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಿನ್ನೆ ನಮ್ಮ ರೈಸ್ ಕುಕ್ಕರ್ ಕೈಕೊಟ್ಟಿತು. ಸ್ವಿಚ್ ಒತ್ತಿದ ಎರಡೇ ನಿಮಿಷಕ್ಕೆ ಟಕ್ ಅಂತ ಮೇಲೆ ಬಂದುಬಿಡುತ್ತಿತ್ತು. ನೀರು ಬೆಚ್ಚಗಾಗಿರುತ್ತಿತ್ತು ಅಷ್ಟೇ. ಅಕ್ಕಿ ಅಕ್ಕಿಯಾಗಿಯೇ ಇತ್ತು. ನನ್ನ ವಿಷಯ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಏನಾದರೂ ಕೆಟ್ಟರೆ ಅದನ್ನು ಬಿಚ್ಚಿ ನೋಡುವ ತನಕ ನನಗೆ ನಿದ್ದೆ ಬರುವುದಿಲ್ಲ. ಅಡುಗೆ ನಮ್ಮ ಮನೆಯಲ್ಲಿ ಇವರದು, ರಿಪೇರಿ ನನ್ನದು. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ.

ಮಗಳಿಗೆ ಒಂಬತ್ತು ವರ್ಷ. ಸ್ಕ್ರೂಡ್ರೈವರ್ ಡಬ್ಬ ತೆಗೆದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾಳೆ. ಪ್ಲಗ್ ಕಿತ್ತೆವು. ಕುಕ್ಕರ್ ಪೂರ್ತಿ ಆರುವವರೆಗೆ ಕಾದೆವು. ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಬೋರಲು ಹಾಕಿದೆವು. ತಳದಲ್ಲಿ ನಾಲ್ಕು ಸ್ಕ್ರೂ. ಮೂರನ್ನು ಅವಳೇ ಬಿಚ್ಚಿದಳು. ಒಂದೊಂದು ಬಿಚ್ಚಿದಾಗಲೂ ಎಣಿಸಿ ಬಟ್ಟಲಿಗೆ ಹಾಕುತ್ತಿದ್ದಳು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಎರಡು ಕೈಯಲ್ಲೂ ಹಿಡಿ ಹಿಡಿದು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಮೈಯೆಲ್ಲಾ ಭಾರ ಹಾಕಿ ತಿರುಗಿಸುತ್ತಿದ್ದಳು. ಸ್ಕ್ರೂ ಕಿರ್ ಅಂತ ಒಂದು ಕೂದಲೆಳೆಯಷ್ಟು ತಿರುಗಿತು. ಅವಳ ಮುಖ ಆಗ ನೋಡಬೇಕಿತ್ತು.

ಅಷ್ಟರಲ್ಲಿ ನಮ್ಮ ಭಾವ ಒಳಗೆ ಬಂದರು. ಎರಡು ದಿನಕ್ಕೆ ಅಂತ ನಮ್ಮನೆಗೆ ಬಂದಿದ್ದರು.

"ಏಯ್ ಏಯ್, ಮುಟ್ಬೇಡ! ಶಾಕ್ ಹೊಡೆಯುತ್ತೆ. ಅದೆಲ್ಲಾ ದೊಡ್ಡೋರು ಮಾಡ್ತಾರೆ. ನೀನು ಹೋಗಿ ಆಟ ಆಡ್ಕೋ ಪುಟ್ಟಾ."

ಆ ಕೈ ಹಿಂದಕ್ಕೆ ಹೋಯಿತು. ಸ್ಕ್ರೂಡ್ರೈವರನ್ನು ಸದ್ದಾಗದ ಹಾಗೆ ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನನ್ನ ಮುಖ ನೋಡಿದಳು.

"ಭಾವ, ಪ್ಲಗ್ ತೆಗೆದಿದ್ದೀನಿ. ನಾನು ಪಕ್ಕದಲ್ಲೇ ಇದ್ದೀನಲ್ಲ" ಅಂದೆ.

"ಆದ್ರೂ ಮಕ್ಕಳ ಕೈಗೆ ಅವೆಲ್ಲಾ ಯಾಕಮ್ಮ? ಹೊಸದು ತಗೊಂಡ್ರೆ ಆಯ್ತು" ಅಂದರು. ಅಷ್ಟು ಹೇಳಿ, ಅವಳ ಸಪ್ಪೆ ಮುಖ ನೋಡಲಾರದೆ, ತಮ್ಮ ಮೊಬೈಲನ್ನೇ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಹೊರಗೆ ಹೋಗಿ ಕೂತಳು. ನಾನು ಸುಮ್ಮನಿದ್ದೆ. ಮನೆಗೆ ಬಂದವರು, ಹಿರಿಯರು. ಹಾಗೆ ಸುಮ್ಮನಿದ್ದೆನಲ್ಲ, ಅದೇ ನನ್ನನ್ನು ನಿನ್ನೆಯಿಂದ ಚುಚ್ಚುತ್ತಿದೆ.

ಭಾವ ಒಳ್ಳೆಯವರು. ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ "ಮುಟ್ಬೇಡ" ಅನ್ನುವ ಮಾತನ್ನು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ಅದನ್ನು ಯಾರೂ ತಪ್ಪು ಅನ್ನುವುದಿಲ್ಲ.

ಅವಳಿಗೆ ತಪ್ಪಿಹೋದದ್ದು ಏನು ಅಂತ ಹೇಳುತ್ತೇನೆ ಕೇಳಿ. ರೈಸ್ ಕುಕ್ಕರಿನೊಳಗೆ ಪಾತ್ರೆ ಕೂರುವ ಬಿಸಿ ತಟ್ಟೆಯ ನಟ್ಟನಡುವೆ ಒಂದು ಸಣ್ಣ ಗುಂಡಿ ಇರುತ್ತದಲ್ಲ, ಒತ್ತಿದರೆ ಸ್ಪ್ರಿಂಗಿನ ಮೇಲೆ ಆಡುತ್ತದಲ್ಲ, ಅದರೊಳಗೆ ಒಂದು ಅಯಸ್ಕಾಂತ ಇದೆ. ನಾವು ಸ್ವಿಚ್ ಒತ್ತಿದಾಗ ಅದು ಹೋಗಿ ಗುಂಡಿಯ ತಲೆಯಲ್ಲಿರುವ ಒಂದು ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಪಾತ್ರೆಯಲ್ಲಿ ನೀರು ಇರುವ ತನಕ ತಳದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಷ್ಟು ಉರಿ ಕೊಟ್ಟರೂ ನೀರು ಆವಿಯಾಗುತ್ತದೆಯೇ ಹೊರತು ಬಿಸಿ ಮೇಲೇರುವುದಿಲ್ಲ. ಅಕ್ಕಿ ನೀರನ್ನೆಲ್ಲಾ ಕುಡಿದು ಮುಗಿಸಿತು ಅಂದುಕೊಳ್ಳಿ. ಆಗ ತಳದ ಬಿಸಿ ಏರಲು ಶುರುವಾಗುತ್ತದೆ. ನೂರನ್ನು ಸ್ವಲ್ಪ ದಾಟಿದ ಕೂಡಲೇ ಆ ಬಿಲ್ಲೆಯ ಅಂಟುವ ಶಕ್ತಿ ಹೋಗಿಬಿಡುತ್ತದೆ. ಸ್ಪ್ರಿಂಗ್ ತಳ್ಳುತ್ತದೆ. ಟಕ್! ಅನ್ನ ಆಯಿತು.

ಗಡಿಯಾರ ಇಲ್ಲ, ಕಂಪ್ಯೂಟರ್ ಇಲ್ಲ. ಅಕ್ಕಿ ಒಂದು ಲೋಟ ಇರಲಿ ನಾಲ್ಕು ಲೋಟ ಇರಲಿ, ನೀರು ಮುಗಿದದ್ದು ಆ ಗುಂಡಿಗೆ ತಾನಾಗಿ ಗೊತ್ತಾಗುತ್ತದೆ. ಬಿಸಿ ಹೆಚ್ಚಿದರೆ ಅಯಸ್ಕಾಂತದ ಗುಣ ಹೋಗುತ್ತದೆ, ಒಂದೊಂದು ವಸ್ತುವಿಗೂ ಒಂದೊಂದು ಮಟ್ಟ ಇದೆ ಅಂತ ಫ್ರಾನ್ಸಿನ ವಿಜ್ಞಾನಿ ಪಿಯರ್ ಕ್ಯೂರಿ 1895ರ ಸುಮಾರಿಗೆ ಅಳೆದು ತೋರಿಸಿದರು. ಕಬ್ಬಿಣಕ್ಕೆ 770 ಡಿಗ್ರಿ ಬೇಕು. ಕುಕ್ಕರಿನ ಬಿಲ್ಲೆಯನ್ನು ನೂರರ ಸ್ವಲ್ಪ ಮೇಲೆ ಕೈಬಿಡುವ ಹಾಗೆ ಬೆರಕೆ ಮಾಡಿದ್ದಾರೆ. ಒಂಬತ್ತು ವರ್ಷದ ಹುಡುಗಿ ಆ ಗುಂಡಿಯನ್ನು ಬೆರಳಲ್ಲಿ ಒತ್ತಿ, ಟಕ್ ಅನ್ನಿಸಿ, "ಅಮ್ಮ, ಇದು ಬಿಟ್ಬಿಡತ್ತಾ?" ಅಂತ ಕೇಳುವ ಆ ಒಂದು ಕ್ಷಣಕ್ಕೆ ಸಮನಾದದ್ದು ಯಾವ ಪಾಠದಲ್ಲಿದೆ ಹೇಳಿ.

ಈಗ ಎಲ್ಲರೂ ಹೇಳುವ ಮಾತಿಗೆ ಬರುತ್ತೇನೆ. ಅಪಾಯ ಅಲ್ವಾ? ಹೌದು, ಅಪಾಯ. ನನಗೆ ಗೊತ್ತಿಲ್ಲದ ವಿಷಯ ಅಲ್ಲ ಅದು. ಮೈಕ್ರೋವೇವ್ ಓವನ್ನನ್ನು ನಾನು ಬಿಚ್ಚುವುದೇ ಇಲ್ಲ. ಪ್ಲಗ್ ಕಿತ್ತಮೇಲೂ ಅದರ ಕೆಪಾಸಿಟರ್ ಅನ್ನುವ, ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗದಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ನಿಂತಿರಬಹುದು. ಉಬ್ಬಿದ ಬ್ಯಾಟರಿಯನ್ನು ಯಾರೂ ಚುಚ್ಚುವ ಹಾಗಿಲ್ಲ, ಒತ್ತುವ ಹಾಗಿಲ್ಲ. ಮಗಳ ಬೆಸುಗೆಗೆ ಸೀಸ ಇಲ್ಲದ ತಂತಿಯನ್ನೇ ತಂದಿದ್ದೇನೆ. ಅದು ಕರಗಲು 217 ಡಿಗ್ರಿಯಾದರೂ ಬೇಕು, ಸೀಸದ್ದಕ್ಕಿಂತ ಕಷ್ಟ, ಆದರೂ ಅದೇ ಇರಲಿ ಅಂತ. ಕಿಟಕಿ ತೆರೆದಿರಬೇಕು, ಕನ್ನಡಕ ಹಾಕಿರಬೇಕು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಇವೆಲ್ಲಾ ಅವಳಿಗೆ ಬಾಯಿಪಾಠ. ಕೆಲವನ್ನು ಮುಟ್ಟಬಾರದು ಅಂತ ಅವಳು ಒಪ್ಪುವುದು ಯಾಕೆ ಗೊತ್ತಾ? ಉಳಿದದ್ದನ್ನೆಲ್ಲಾ ಮುಟ್ಟಿದ್ದಾಳೆ, ಅದಕ್ಕೆ. ಎಲ್ಲಕ್ಕೂ "ಮುಟ್ಬೇಡ" ಅಂದರೆ ಆ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ?

ಪ್ರೆಶರ್ ಕುಕ್ಕರನ್ನೇ ತಗೊಳ್ಳಿ. ಡೆನಿ ಪಾಪಿನ್ ಅನ್ನುವವರು 1679ರಲ್ಲಿ ಇಂಥದ್ದನ್ನು ಮಾಡಿ ಲಂಡನ್ನಿನ ವಿಜ್ಞಾನಿಗಳಿಗೆ ತೋರಿಸಿದರು. ಅದು ಸಿಡಿಯಬಾರದು ಅಂತ ತೂಕ ಇಟ್ಟು ಮುಚ್ಚುವ ಸೇಫ್ಟಿ ವಾಲ್ವನ್ನೂ ಅವರೇ ಮಾಡಿದರು. ನಮ್ಮ ಕುಕ್ಕರಿನ ಮೇಲಿನ ವೆಯ್ಟ್ ಮಾಡುವುದೂ ಅದೇ ಕೆಲಸ. ಒಳಗಿನ ಒತ್ತಡ ಜಾಸ್ತಿಯಾದರೆ ಅದು ಎದ್ದು ಹಬೆ ಬಿಡುತ್ತದೆ. ಒತ್ತಡ ಇರುವುದರಿಂದಲೇ ನೀರು 120 ಡಿಗ್ರಿಯ ತನಕ ಕಾಯುತ್ತದೆ, ಬೇಗ ಬೇಯುತ್ತದೆ. ಇದು ನನ್ನ ಮಗಳಿಗೆ ಗೊತ್ತು. ತಣ್ಣಗಿದ್ದಾಗ ವೆಯ್ಟ್ ತೆಗೆದು, ಆ ಸಣ್ಣ ತೂತಿನಲ್ಲಿ ಬೆಳಕು ಕಾಣುತ್ತದಾ ಅಂತ ಕಣ್ಣಿಟ್ಟು ನೋಡುವುದು ಅವಳದೇ ಕೆಲಸ. ಗ್ಯಾಸ್ಕೆಟ್ ಬಿರುಕು ಬಿಟ್ಟಿದೆಯಾ ಅಂತ ಎಳೆದು ನೋಡುತ್ತಾಳೆ. ಒತ್ತಡ ಇಳಿಯದೆ ಮುಚ್ಚಳಕ್ಕೆ ಕೈ ಹಾಕುವುದಿಲ್ಲ. ಅವಳಿಗೆ ಕುಕ್ಕರ್ ಕಂಡರೆ ಭಯ ಇಲ್ಲ, ಮರ್ಯಾದೆ ಇದೆ. ದೂರ ನಿಲ್ಲಿಸಿ ಬೆಳೆಸಿದ ಮಗು ಒಂದು ದಿನ ಒಬ್ಬಂಟಿಯಾಗಿ ಒಲೆ ಮುಂದೆ ನಿಲ್ಲಲೇಬೇಕಲ್ಲ, ಆಗ ಅದರ ಗತಿ ಏನು?

ಇನ್ನು "ಹಾಳಾದ್ರೆ?" ಅನ್ನುವ ಮಾತು. ಕೆಟ್ಟು ಕೂತ ಕುಕ್ಕರ್ ಅದು. ಇನ್ನೇನು ಹಾಳಾಗುತ್ತದೆ?

ನನ್ನ ಕೋಪಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಬರೆದೇಬಿಡುತ್ತೇನೆ.

ಮಗನಿಗೆ ಆರು ವರ್ಷ ಇದ್ದಾಗ ನಾನೊಂದು ಸಣ್ಣ ರೇಡಿಯೋ ಕಟ್ಟುತ್ತಿದ್ದೆ. ಮೂರು ಸಂಜೆಯ ಕೆಲಸ. ಅವನು ಪಕ್ಕದಲ್ಲಿ ನಿಂತಿದ್ದವನು ಬೋರ್ಡನ್ನು ತಿರುಗಿಸಿ ನೋಡಲು ಹೋದ. ಒಂದು ತಂತಿ ಕಿತ್ತುಬಂತು. ನಾನು ಕಿರುಚಿದೆ. "ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ!" ಅವನು ಅಳಲಿಲ್ಲ. ಹೊರಗೆ ಹೋದ. ಆ ತಂತಿ ಮತ್ತೆ ಬೆಸೆಯಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಮಾರನೇ ದಿನ ಬಾಗಿಲ ಹತ್ತಿರ ಬಂದು, ಹೊಸ್ತಿಲಾಚೆಯೇ ನಿಂತು ಕೇಳಿದ, "ಅಮ್ಮ, ಇಲ್ಲಿಂದ್ಲೇ ನೋಡ್ಲಾ?"

ಹ್ಞೂಂ ಅಂದೆ. ಪರವಾಗಿಲ್ಲ, ಮಗ ಜಾಣ ಆದ ಅಂತ ಖುಷಿಪಟ್ಟೆ. ಸ್ವಲ್ಪ ದಿನ ಹಾಗೇ ನಿಂತು ನೋಡಿದ. ಆಮೇಲೆ ಬರುವುದೇ ನಿಲ್ಲಿಸಿದ. ಈಗ ಅವನಿಗೆ ಹದಿನೈದು. ನನ್ನ ಮೇಜಿನ ಹತ್ತಿರ ಅವನು ಬರುವುದು ಊಟಕ್ಕೆ ಕರೆಯಲು ಮಾತ್ರ.

ಅವನು ಎಲ್ಲಿ ಹೋದ ಅಂದರೆ, ಅಡುಗೆಮನೆಗೆ ಹೋದ. ಅಪ್ಪನ ಹತ್ತಿರ. ಇವರು ಜಾಸ್ತಿ ಮಾತಾಡುವವರಲ್ಲ, ಯಾವುದನ್ನೂ ಮುಟ್ಟಬೇಡ ಅಂದವರೂ ಅಲ್ಲ. ಏಳನೇ ವರ್ಷಕ್ಕೆ ಅವನ ಕೈಗೆ ಹರಿತವಾದ ಚಾಕು ಕೊಟ್ಟರು. ನಾನು ಹೌಹಾರಿದೆ. "ಮೊಂಡು ಚಾಕು ಕೊಟ್ರೇನೇ ಜಾರೋದು, ಸುಮ್ನಿರು" ಅಂದರು. ಬೆರಳ ತುದಿಗಳನ್ನು ಒಳಗೆ ಮಡಚು, ಗೆಣ್ಣು ಮುಂದಿರಲಿ, ಚಾಕು ಗೆಣ್ಣಿಗೆ ತಾಗಿಕೊಂಡೇ ಓಡಾಡಲಿ. ಇಷ್ಟೇ ಪಾಠ. ಎರಡು ಸಲ ಬೆರಳು ಗೀರಿಕೊಂಡ. ತೊಳೆದು ಪಟ್ಟಿ ಕಟ್ಟಿ ಮತ್ತೆ ಈರುಳ್ಳಿ ಮುಂದೆ ನಿಲ್ಲಿಸಿದರು.

ಈಗ ಅವನು ರಜೆಯ ದಿನ ಬ್ರೆಡ್ ಮಾಡುತ್ತಾನೆ. 500 ಗ್ರಾಂ ಹಿಟ್ಟಿಗೆ 10 ಗ್ರಾಂ ಉಪ್ಪು, ತೂಕ ಮಾಡಿಯೇ ಹಾಕುವುದು. ನಾದಿ ಉಬ್ಬಲು ಇಟ್ಟ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು. ಮೆಲ್ಲಗೆ, ಅರ್ಧ ಮಾತ್ರ ಮೇಲೆದ್ದರೆ ಓವನ್ನಿಗೆ ಇಡಬಹುದು. ತುಂಬಿಕೊಳ್ಳದೆ ಹಾಗೇ ಉಳಿದರೆ ಹೊತ್ತು ಮೀರಿತು. ಇದನ್ನು ಅವನಿಗೆ ಯಾರೂ ಬಾಯಲ್ಲಿ ಕಲಿಸಿದ್ದಲ್ಲ, ಬೆರಳು ಕಲಿತದ್ದು. ನನ್ನ ಕೋಣೆಯಲ್ಲಿ ನಾನು ದೂರ ತಳ್ಳಿದ್ದು ಅದೇ ಬೆರಳನ್ನು. ಅವನು ಬ್ರೆಡ್ ಮಾಡುವುದನ್ನು ನೋಡುವಾಗ ಖುಷಿಯೂ ಆಗುತ್ತದೆ, ಗಂಟಲೂ ಕಟ್ಟುತ್ತದೆ.

ಅದಕ್ಕೇ ಮಗಳ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿದಿರುವುದು.

ರೈಟ್ ಸಹೋದರರ ಕತೆ ಎಲ್ಲರಿಗೂ ಗೊತ್ತು. 1878ರಲ್ಲಿ ಅವರಪ್ಪ ಒಂದು ಹಾರುವ ಆಟಿಕೆ ತಂದುಕೊಟ್ಟರು. ಮುರಿಯುವ ತನಕ ಹಾರಿಸಿದರು, ಮುರಿದ ಮೇಲೆ ತಾವೇ ಮಾಡಿಕೊಂಡರು. ಆದರೆ ಅವರಮ್ಮ ಸೂಸನ್ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಆಕೆ ಬೆಳೆದದ್ದು ತನ್ನಪ್ಪನ ಗಾಡಿ ಮಾಡುವ ಕಾರ್ಖಾನೆಯಲ್ಲಿ, ಹತಾರಗಳ ನಡುವೆ. ಮನೆಗೆ ಬೇಕಾದ ಸಣ್ಣಪುಟ್ಟ ಸಾಧನ, ಮಕ್ಕಳ ಆಟಿಕೆ ಎಲ್ಲಾ ಆಕೆಯೇ ಮಾಡುತ್ತಿದ್ದರು. ಮಕ್ಕಳು ಏನಾದರೂ ಮಾಡಲು ಹೊರಟರೆ ಅಮ್ಮನನ್ನೇ ಕೇಳುತ್ತಿದ್ದರು. 1889ರಲ್ಲೇ ತೀರಿಕೊಂಡರು, 1903ರ ಹಾರಾಟ ನೋಡಲಿಲ್ಲ. ಆ ಹುಡುಗಿಯನ್ನು ಅವರಪ್ಪ ಕಾರ್ಖಾನೆಯ ಬಾಗಿಲಲ್ಲೇ ತಡೆದಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಮಗಳು ವಿಮಾನ ಮಾಡಬೇಕು ಅಂತ ನನಗೇನೂ ಆಸೆ ಇಲ್ಲ. ಅವಳ ಮನೆಯ ವಸ್ತುಗಳು ಅವಳಿಗೆ ಪರಕೀಯ ಆಗಬಾರದು, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಭಾವ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಈಗಿನ ಮಕ್ಕಳು ಮೊಬೈಲ್ ಬಿಟ್ಟು ಬೇರೆ ಏನೂ ಮುಟ್ಟಲ್ಲ ನೋಡಮ್ಮ." ಈ ಸಲ ನಾನು ಸುಮ್ಮನಿರಲಿಲ್ಲ. "ಸ್ಕ್ರೂಡ್ರೈವರ್ ಕೆಳಗಿಡ್ಸಿ ಮೊಬೈಲ್ ಕೊಟ್ಟಿದ್ದು ನೀವೇ ಭಾವ" ಅಂದೆ. ನನ್ನ ದನಿ ನಡುಗುತ್ತಿತ್ತು. ಅವರು ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದರು. ಇವರು ನೀರು ಬಡಿಸಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಹೊರಡುವಾಗ ಭಾವ ಮೇಜಿನ ಹತ್ತಿರ ಹೋಗಿ, ಬೋರಲು ಬಿದ್ದ ಕುಕ್ಕರನ್ನು ಒಂದು ಗಳಿಗೆ ನೋಡುತ್ತಾ ನಿಂತಿದ್ದರು. ಏನು ಅನ್ನಿಸಿತೋ, ಹೇಳಲಿಲ್ಲ.

ಮಗಳು ಸ್ಕೂಲಿಗೆ ಹೊರಡುವ ಮುಂಚೆ ಅದೇ ಮೇಜಿನ ಹತ್ತಿರ ಬಂದಳು. ಬಟ್ಟಲಲ್ಲಿ ಅವಳೇ ಎಣಿಸಿಟ್ಟ ಮೂರು ಸ್ಕ್ರೂ. ಕೈ ಮುಂದೆ ಚಾಚಿದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಮ್ಮ, ಮುಟ್ಲಾ?"

ಇವತ್ತಿನ ತನಕ ಅವಳು ಆ ಪ್ರಶ್ನೆ ಕೇಳಿದವಳೇ ಅಲ್ಲ.

ಅವಳು ಹೋದ ಮೇಲೆ ಕುಕ್ಕರ್ ಎತ್ತಿ ತಟ್ಟೆಯ ಮೇಲೆ ಬೆರಳಾಡಿಸಿದೆ. ಅಂಚಿನ ಹತ್ತಿರ ಒಂದು ಅನ್ನದ ಅಗುಳು ಸುಟ್ಟು ಕಪ್ಪಾಗಿ ಕಲ್ಲಿನ ಹಾಗೆ ಅಂಟಿದೆ. ಪಾತ್ರೆ ಅದರ ಮೇಲೆ ಕೂತು ವಾಲುತ್ತಿದೆ, ತಟ್ಟೆಗೆ ಸರಿಯಾಗಿ ತಾಗುತ್ತಿಲ್ಲ. ತಟ್ಟೆಯ ಬಿಸಿ ಪಾತ್ರೆಗೆ ಹೋಗದೆ ತಾನೇ ಕಾದು, ನಡುವಿನ ಗುಂಡಿಯನ್ನೂ ಕಾಯಿಸಿ, ಎರಡು ನಿಮಿಷಕ್ಕೇ ಟಕ್ ಅನ್ನಿಸುತ್ತಿದೆ. ತಳ ಬಿಚ್ಚುವ ಅಗತ್ಯವೇ ಇರಲಿಲ್ಲ. ಉಗುರಿನಲ್ಲಿ ಕೆರೆದರೆ ಮುಗಿಯಿತು.

ನಾನು ಕೆರೆಯಲಿಲ್ಲ. ಅಗುಳು ಅಲ್ಲೇ ಇದೆ. ತುಕ್ಕು ಹಿಡಿದ ನಾಲ್ಕನೇ ಸ್ಕ್ರೂಗೆ ಒಂದು ತೊಟ್ಟು ಎಣ್ಣೆ ಬಿಟ್ಟಿದ್ದೇನೆ, ನೆನೆಯುತ್ತಿರಲಿ. ಇವತ್ತಿನ ಅನ್ನ ಒಲೆ ಮೇಲೆ ಆಗಿದೆ. ಅವಳು ನಾಲ್ಕು ಗಂಟೆಗೆ ಬರುತ್ತಾಳೆ.