ಹದಿನಾಲ್ಕೂ ಚಿಲ್ಲರೆ ವೋಲ್ಟ್

ನಮ್ಮ ಕೊಡಗಿನ ಮೂರ್ನಾಡಿನ ಕಡೆ ಬೈಕಿನ ಸೆಲ್ಫ್ ಕೈಕೊಟ್ಟರೆ ಯಾರೂ ಗಾಬರಿ ಬೀಳುವುದಿಲ್ಲ. ಇಳಿಜಾರಿಗೆ ಇಲ್ಲಿ ಬರವಿಲ್ಲ. ಸೆಕೆಂಡ್ ಗೇರ್ ಹಾಕಿ, ಕ್ಲಚ್ ಹಿಡಿದು, ಉರುಳಲು ಬಿಟ್ಟು, ಟಪ್ ಅಂತ ಕ್ಲಚ್ ಬಿಟ್ಟರೆ ಆಯಿತು. ಕಳೆದ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ನಾನು ಬದುಕಿದ್ದೇ ಹೀಗೆ. ಬ್ಯಾಂಕಿಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ನನ್ನ ಕಣ್ಣು ಮೊದಲು ಹುಡುಕುತ್ತಿದ್ದುದು ಇಳಿಜಾರನ್ನು. ಕುಶಾಲನಗರಕ್ಕೆ ಹೋಗುವುದನ್ನಂತೂ ಬಿಟ್ಟೇಬಿಟ್ಟೆ. ಅಲ್ಲಿ ನೆಲ ಚಪ್ಪಟೆ.

ಶುರುವಾಗಿದ್ದು ಕೆಸರುಗದ್ದೆ ಕ್ರೀಡಾಕೂಟದ ಮಾರನೇ ವಾರ. ಸ್ವಿಚ್ ಒತ್ತಿದರೆ ಎಂಜಿನ್ ತಿರುಗುತ್ತಿರಲಿಲ್ಲ. ಸೀಟಿನ ಕೆಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಕಟ ಕಟ ಕಟ ಅಂತ ರಿಲೇ ಸದ್ದು ಮಾತ್ರ. ಆ ಕ್ರೀಡಾಕೂಟದಲ್ಲಿ ಇನ್ನೂ ಎರಡು ಸಂಗತಿ ನಡೆದಿದ್ದವು. ಒಂದು, ಹಗ್ಗಜಗ್ಗಾಟದ ಫೈನಲ್ ನಡೆಯುವಾಗ ಕಾರ್ಡ್‌ಲೆಸ್ ಮೈಕ್ ಸತ್ತುಹೋಗಿ, ನಾನು ಅದರ 9 ವೋಲ್ಟ್ ಬ್ಯಾಟರಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದು. ಎರಡು, ಕೆಸರು ಮೆತ್ತಿದ ಬೈಕನ್ನು ಪಕ್ಕದ ಮನೆಯ ಸುಬೇದಾರ್ ಮಾವನ ಸ್ಪ್ರೇ ಪಂಪಿನಲ್ಲಿ ತೊಳೆದಿದ್ದು. ಕಾಫಿಗೆ ಔಷಧಿ ಹೊಡೆಯುವ ಪಂಪು ಅದು. ಎಂಥಾ ಫೋರ್ಸು ಅಂತೀರಿ! ಸೀಟಿನ ಅಡಿ, ಸೈಡ್ ಕವರಿನ ಸಂದಿ, ಎಲ್ಲ ಕಡೆ ಗನ್ ಇಟ್ಟು ಹೊಡೆದೆ. ಬೈಕು ಷೋರೂಮಿನಿಂದ ಆಗ ತಾನೇ ಇಳಿದ ಹಾಗಿತ್ತು.

ಸ್ಟಾರ್ಟ್ ಆಗದ ಬೈಕು ಅಂದರೆ ಊರಿನವರಿಗೆಲ್ಲ ಡಾಕ್ಟರಾಗುವ ಅವಕಾಶ. ಪ್ಲಗ್ ಅಂದರು, ಪೆಟ್ರೋಲಲ್ಲಿ ನೀರು ಅಂದರು. ಬ್ಯಾಟರಿ ಅಂದವರೇ ಜಾಸ್ತಿ. ಹೊಸದು ಹಾಕಿಸಿದೆ. ಅಂಗಡಿಯವರು ಹಳೆಯದನ್ನು ಇಟ್ಟುಕೊಂಡು ಬೆಲೆಯಲ್ಲಿ ಸ್ವಲ್ಪ ಬಿಟ್ಟರು. ಹತ್ತೇ ದಿನ. ಮತ್ತೆ ಹಲ್ಲಿ.

ಆಗ ಮಡಿಕೇರಿಗೆ ಹೋಗಿ ಹಳದಿ ಬಣ್ಣದ ಒಂದು ಅಗ್ಗದ ಮಲ್ಟಿಮೀಟರ್ ತಂದೆ. ಅದರೊಳಗೆ ಬ್ಯಾಟರಿ ಇರಲಿಲ್ಲ. ಇದಕ್ಕೂ 9 ವೋಲ್ಟಿನದೇ ಬೇಕಂತೆ. ಮಳೆಯಲ್ಲಿ ಮತ್ತೆ ಪೇಟೆಗೆ ಹೋಗುವವರು ಯಾರು? ಡ್ರಾಯರಿನಲ್ಲಿ ಮೈಕಿನದು ಇತ್ತಲ್ಲ, ಅದನ್ನೇ ಸಿಕ್ಕಿಸಿದೆ. ಪರದೆಯಲ್ಲಿ ಅಂಕಿ ಮೂಡಿದಾಗ ಎಷ್ಟು ಖುಷಿಯಾಯಿತು ಅಂದರೆ, ಉಳಿತಾಯವಾದ ದುಡ್ಡಿಗೆ ಮನಸ್ಸಿನಲ್ಲೇ ಪೋರ್ಕ್ ತಂದುಬಿಟ್ಟೆ. ಪರದೆಯ ಮೂಲೆಯಲ್ಲಿ ಪುಟ್ಟ ಬ್ಯಾಟರಿಯ ಚಿತ್ರವೂ ಬಂತು. ಓಹೋ, ಬ್ಯಾಟರಿ ಟೆಸ್ಟ್ ಮಾಡಲು ರೆಡಿ ಅಂತ ಹೇಳುತ್ತಿದೆ, ಎಷ್ಟು ಜಾಣ ಮೀಟರು ಅಂದುಕೊಂಡೆ.

ವಿಷಯ ಕಷ್ಟದ್ದೇನಲ್ಲ. ಎಂಜಿನ್ ಆಫ್ ಇರುವಾಗ ತುಂಬಿದ ಬ್ಯಾಟರಿ 12.6ರ ಮೇಲೆ ಇರಬೇಕು. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5ರ ಒಳಗೆ ಬರಬೇಕು. 15 ದಾಟಿದರೆ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಅಂತ. ಏರದೆ ಹನ್ನೆರಡರ ಆಸುಪಾಸಿನಲ್ಲೇ ಕೂತಿದ್ದರೆ ಚಾರ್ಜ್ ಆಗುತ್ತಿಲ್ಲ ಅಂತ. ಒಂದು ಸಂಜೆ ಕೂತು ಎಲ್ಲ ಓದಿಕೊಂಡಿದ್ದೆ.

ಬೈಕನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಿ, ಆಫ್ ಆಗದ ಹಾಗೆ ಅಂಗಳಕ್ಕೆ ಹತ್ತಿಸಿ ತಂದೆ. ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಲೇ ಇತ್ತು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಅದನ್ನು ಆರಿಸುವ ಸ್ವಿಚ್ಚೇ ಇಲ್ಲವಲ್ಲ. ಡಯಲನ್ನು ಡಿಸಿ 20 ವೋಲ್ಟಿಗೆ ತಿರುಗಿಸಿದೆ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಹೆಂಡತಿಯನ್ನು ಕರೆದು ಆಕ್ಸಿಲರೇಟರ್ ತಿರುಗಿಸಲು ಹೇಳಿದೆ.

14.3.

ಪುಸ್ತಕದಲ್ಲಿ ಬರೆದಿಟ್ಟ ಹಾಗೆ! ಚಾರ್ಜಿಂಗ್ ಪಾಸು. ಎಂಜಿನ್ ಆಫ್ ಮಾಡಿ ಅಳೆಯುವ ಗೋಜಿಗೇ ನಾನು ಹೋಗಲಿಲ್ಲ. ಪಾಸಾದ ಹುಡುಗನಿಗೆ ಯಾರಾದರೂ ಮತ್ತೆ ಪರೀಕ್ಷೆ ಮಾಡುತ್ತಾರಾ?

ಹಾಗಾದರೆ ಕರೆಂಟು ಎಲ್ಲೋ ಸೋರುತ್ತಿರಬೇಕು. ಅದಕ್ಕೂ ಟೆಸ್ಟ್ ಇದೆ. ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸೇರಿಸಬೇಕು. ಕೆಂಪು ಕಡ್ಡಿಯ ವೈರನ್ನು 10 ಆಂಪ್ಸ್ ಅಂತ ಬರೆದ ತೂತಿಗೆ ಚುಚ್ಚಬೇಕು. ಚುಚ್ಚಿದೆ. 0.00 ಬಂತು. ಸೋರಿಕೆಯೂ ಇಲ್ಲ! ಮೈನಸ್ ವೈರನ್ನು ಮತ್ತೆ ಬಿಗಿದೆ. ಇನ್ನೊಮ್ಮೆ ವೋಲ್ಟ್ ನೋಡೋಣ ಅಂತ ಡಯಲನ್ನು 20ಕ್ಕೆ ತಿರುಗಿಸಿ ಎರಡೂ ಟರ್ಮಿನಲ್ಲಿಗೆ ಕಡ್ಡಿ ಮುಟ್ಟಿಸಿದೆ.

ಡಯಲ್ ತಿರುಗಿಸಿದ್ದೆ. ವೈರನ್ನು ಆ ತೂತಿನಿಂದ ತೆಗೆದಿರಲಿಲ್ಲ.

ಚಟ್ಟ್!

ಅಂದರೆ ಬ್ಯಾಟರಿಯ ಎರಡು ತುದಿಗೆ ಸುಮ್ನೆ ಒಂದು ಕಬ್ಬಿಣದ ಸಲಾಕೆ ಇಟ್ಟ ಹಾಗೆ. ಆ ತೂತಿನ ಪಕ್ಕದಲ್ಲಿ ‘ಅನ್‌ಫ್ಯೂಸ್ಡ್’ ಅಂತ ಬರೆದಿದ್ದನ್ನು ನಾನು ಓದಿದ್ದು ಕಿಡಿ ಹಾರಿದ ಮೇಲೆ. ಕೆಂಪು ಕಡ್ಡಿಯ ಚೂಪು ತುದಿ ಸುಟ್ಟ ಕಡಲೆಕಾಯಿಯ ಹಾಗೆ ಆಗಿತ್ತು.

“ಏನ್ರೀ ಅದು ಸದ್ದು?” ಒಳಗೆ ಹೋಗಿದ್ದ ಹೆಂಡತಿ ಕೇಳಿದಳು.

“ಏನಿಲ್ಲ, ಟೆಸ್ಟ್ ಮಾಡ್ತಾ ಇದೀನಿ.”

“ಯಾರನ್ನ?”

ಕೊಡಗಿನಲ್ಲಿ ಕೋವಿಯ ಸದ್ದಿಗೆ ಯಾರೂ ಅಷ್ಟಾಗಿ ತಲೆ ಎತ್ತಿ ನೋಡುವುದಿಲ್ಲ. ಆದರೆ ಶಾರ್ಟ್ ಸರ್ಕ್ಯೂಟಿನ ಸದ್ದಿಗೆ ಸುಬೇದಾರ್ ಮಾವ ಬೇಲಿ ದಾಟಿ ಓಡಿ ಬಂದರು. ಅವರು ಸೈನ್ಯದ ಇಎಂಇ ಎಂಬ ರಿಪೇರಿ ವಿಭಾಗದಲ್ಲಿ ಟ್ಯಾಂಕು, ಟ್ರಕ್ಕುಗಳ ವೈರಿಂಗ್ ನೋಡಿಕೊಂಡು ರಿಟೈರ್ ಆದವರು. ಮುಂಗೈಗೆ ಅಂಟಿದ್ದ ಜಿಗಣೆಯನ್ನು ಕಿತ್ತು ಎಸೆಯುತ್ತಲೇ ವರದಿ ಕೇಳಿದರು. ಒಪ್ಪಿಸಿದೆ.

“ಓಡುವಾಗ 14.3. ಸರಿ. ಆಫ್ ಇದ್ದಾಗ ಎಷ್ಟು?”

ತೂತು ಬದಲಿಸಿ, ಸುಟ್ಟ ಕಡ್ಡಿಯನ್ನೇ ಮುಟ್ಟಿಸಿದೆ. 14.4.

ಮಾವ ಮೀಟರನ್ನು ನೋಡಿದರು. ನನ್ನನ್ನು ನೋಡಿದರು. “ಎಂಜಿನ್ ಆಫ್ ಆದ ಮೇಲೂ 14.4? ನಿನ್ನ ಸೀಟಿನ ಅಡಿ ಹಾರಂಗಿ ಡ್ಯಾಮ್ ಇದೆಯಾ?”

ಗೋಡೆ ಗಡಿಯಾರಕ್ಕೆ ತಂದಿಟ್ಟಿದ್ದ ಹೊಸ ಸೆಲ್ ಒಂದನ್ನು ತರಿಸಿ ಅಳೆಯಲು ಹೇಳಿದರು. ಅದು ಒಂದೂವರೆ ವೋಲ್ಟಿನದು, ಹೊಸದಾದರೆ 1.6 ಬರಬಹುದು. ನನ್ನ ಮೀಟರು 1.95 ಅಂದಿತು. ಮಾವ ಪರದೆಯ ಮೂಲೆಯ ಪುಟ್ಟ ಚಿತ್ರದ ಮೇಲೆ ಉಗುರಿನಿಂದ ಬಡಿದರು.

“ಇದು ಏನು ಅಂತ ಗೊತ್ತಾ?”

“ಬ್ಯಾಟರಿ ಟೆಸ್ಟಿಗೆ ರೆಡಿ ಅಂತ ಅಲ್ವಾ?”

“ನನ್ನ ಬ್ಯಾಟರಿ ಸಾಯ್ತಾ ಇದೆ, ಮೊದಲು ನನ್ನನ್ನು ನೋಡಿ ಅಂತ.”

ಇಂಥ ಅಗ್ಗದ ಮೀಟರುಗಳ ಗುಣವೇ ಹಾಗಂತೆ. ಅವು ತಮ್ಮೊಳಗಿನ ಬ್ಯಾಟರಿಯಿಂದ ಒಂದು ಅಳತೆಗೋಲು ಮಾಡಿಕೊಂಡು, ಹೊರಗಿನದನ್ನು ಅದರ ಜೊತೆ ಹೋಲಿಸಿ ಅಂಕಿ ಹೇಳುತ್ತವೆ. ಒಳಗಿನದು ತೀರಾ ಇಳಿದರೆ ಅಳತೆಗೋಲೇ ಗಿಡ್ಡವಾಗುತ್ತದೆ. ಗಿಡ್ಡ ಕೋಲಿನಲ್ಲಿ ಅಳೆದರೆ ಎಲ್ಲರೂ ಉದ್ದವೇ ಅಲ್ವಾ? ಸಾಯುವಾಗ ಸುಮ್ಮನಾಗುವುದು ಬಿಟ್ಟು, ಎಲ್ಲವನ್ನೂ ಹೆಚ್ಚು ಮಾಡಿ ಹೇಳುವ ಜಾತಿ.

“ಯುದ್ಧಕ್ಕೆ ಮುಂಚೆ ಆಯುಧ ನೋಡಬೇಕು. ತನ್ನ ಸಾಮಾನು ಕ್ಲೀನ್ ಇದೆಯಾ, ಕೆಲಸ ಮಾಡ್ತಾ ಇದೆಯಾ, ಅದು ಮೊದಲು. ನಮಗೆ ಮೊದಲ ದಿನವೇ ಕಲಿಸಿದ್ದು ಇದು,” ಅಂದರು ಮಾವ. ನಾನು ತಲೆ ತಗ್ಗಿಸಿ ನಿಂತೆ. ಈ ಪಾಠ ಕಾಲು ಗಂಟೆ ನಡೆಯಿತು.

ಮಾರನೇ ದಿನ ಹೊಸ 9 ವೋಲ್ಟ್ ಬ್ಯಾಟರಿ ತಂದೆ. ಈಗ ಬೈಕಿನ ಬ್ಯಾಟರಿ 11.8. ಮಾವ ಜೀಪಿನ ಎಂಜಿನ್ ಆರಿಸಿಯೇ ಜಂಪರ್ ಕೇಬಲ್ ಕೊಟ್ಟು ಬೈಕ್ ಸ್ಟಾರ್ಟ್ ಮಾಡಿಸಿ, ಕೇಬಲ್ ತೆಗೆದರು. ಆಕ್ಸಿಲರೇಟರ್ ಕೊಟ್ಟರೆ 11.7. ಮೇಲೆ ಹೋಗುವ ಮಾತೇ ಇಲ್ಲ. ನಿನ್ನೆ ಪಾಸಾಗಿದ್ದ ಹುಡುಗ ಫೇಲು.

ಆಮೇಲಿನದೆಲ್ಲ ಮಾವನ ಕಮಾಂಡಿನಲ್ಲಿ. ಎಂಜಿನ್ ಆರಿಸಿ, ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಮತ್ತು ಸ್ಟೇಟರ್ ಸುರುಳಿಯ ಕಡೆಯಿಂದ ಬರುವ ಮೂರು ಹಳದಿ ವೈರುಗಳ ಕಪ್ಲರ್ ಬಿಚ್ಚಿದೆವು. ಎರಡೆರಡರ ನಡುವೆ ಓಮ್ಸ್, ಅಂದರೆ ಪ್ರತಿರೋಧ, ನೋಡಿದರೆ ಮೂರು ಜೋಡಿಯೂ ಒಂದಕ್ಕಿಂತ ಕಡಿಮೆ, ಮೂರೂ ಒಂದೇ. ಹಳದಿ ವೈರಿನಿಂದ ಎಂಜಿನ್ ಬಾಡಿಗೆ ಮುಟ್ಟಿಸಿದರೆ ಸಂಪರ್ಕವೇ ಇಲ್ಲ. ಹಾಗೇ ಇರಬೇಕು. ಮತ್ತೆ ಸ್ಟಾರ್ಟ್ ಮಾಡಿ ಡಯಲನ್ನು ಎಸಿಗೆ ತಿರುಗಿಸಿದೆವು. ಆಕ್ಸಿಲರೇಟರ್ ಏರಿಸಿದರೆ ಮೂರು ಜೋಡಿಯೂ ಐವತ್ತು ವೋಲ್ಟ್ ದಾಟಿ ಒಂದೇ ಸಮ ಏರಿದವು. “ಸ್ಟೇಟರ್ ಫಿಟ್,” ಅಂದರು ಮಾವ, ಮೆಡಿಕಲ್ ಬೋರ್ಡಿನವರ ಹಾಗೆ.

ಹಾಗಾದರೆ ತಡೆ ಅದರ ಮುಂದೆ. ರೆಗ್ಯುಲೇಟರಿನಿಂದ ಬ್ಯಾಟರಿಗೆ ಹೋಗುವ ಕಪ್ಲರ್ ಸೈಡ್ ಕವರಿನ ಸಂದಿಯಲ್ಲಿತ್ತು. ನಾನು ಪಂಪಿನ ಗನ್ ಇಟ್ಟು ಹೊಡೆದಿದ್ದ ಅದೇ ಸಂದಿ. ಎಳೆದು ಬಿಚ್ಚಿದೆ. ಒಳಗಿನ ಪಿನ್ನುಗಳ ಮೇಲೆ ಗಟ್ಟಿಯಾಗಿ ಏನೋ ಕೂತಿತ್ತು. ಹಿತ್ತಾಳೆಗೆ ಹಿಡಿಯುವ ಹಸಿರು ಕಿಲುಬು ಸ್ವಲ್ಪ. ಉಳಿದದ್ದೆಲ್ಲ ತಿಳಿ ನೀಲಿ, ಸುಣ್ಣ ಕಲಸಿದ ಹಾಗೆ.

ಆ ನೀಲಿಯನ್ನು ಕೊಡಗಿನಲ್ಲಿ ಯಾವ ಮಗುವಾದರೂ ಗುರುತಿಸುತ್ತದೆ. ಮಳೆಗೆ ಮುಂಚೆ ಕೊಳೆರೋಗ ಬಾರದಿರಲಿ ಅಂತ ಕಾಫಿ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣ. ನನ್ನ ಬೈಕಿಗೆ ಇನ್ನು ಕೊಳೆರೋಗದ ಭಯವಿಲ್ಲ.

ಮಾವ ಏನೂ ಮಾತಾಡಲಿಲ್ಲ. ಹಳೆಯ ಟೂತ್‌ಬ್ರಷ್ ಮತ್ತು ಸ್ವಲ್ಪ ನೀರು ಕೇಳಿದರು. ಆ ಪಿನ್ನುಗಳನ್ನು ತಾವೇ, ಮೂರು ಸಲ, ತುಂಬಾ ಶ್ರದ್ಧೆಯಿಂದ ಉಜ್ಜಿದರು. ಒಣಗಿಸಿದರು. ಮರಳು ಕಾಗದ ಆಡಿಸಿದರು. ಕಪ್ಲರ್ ಕೂಡಿಸಿ ಸ್ಟಾರ್ಟ್ ಮಾಡಿದೆವು. 13.6. ನೋಡನೋಡುತ್ತಲೇ 13.9. ಸ್ವಲ್ಪ ಹೊತ್ತಿಗೆ 14.1. ಪರದೆಯ ಮೂಲೆಯಲ್ಲಿ ಯಾವ ಚಿತ್ರವೂ ಇರಲಿಲ್ಲ.

ಅಂಗಡಿಗೆ ಕೊಟ್ಟುಬಿಟ್ಟ ನನ್ನ ಹಳೆಯ ಬ್ಯಾಟರಿ ನೆನಪಾಯಿತು. ಪಾಪ, ಅದರದ್ದೇನೂ ತಪ್ಪಿರಲಿಕ್ಕಿಲ್ಲ.

“ಮಾವ,” ಅಂದೆ, “ಮೇ ತಿಂಗಳಲ್ಲಿ ತೋಟಕ್ಕೆ ಬೋರ್ಡೋ ಹೊಡೆದ ಮೇಲೆ ಆ ಪಂಪು ತೊಳೆದಿದ್ರಾ?”

ಮಾವ ಕೈ ಒರೆಸಿಕೊಂಡು ಆಕಾಶ ನೋಡಿದರು.

“ಮಳೆ ಬರೋ ಹಾಗಿದೆ. ಬಾ, ಒಳಗೆ ಹೋಗೋಣ. ನಿಮ್ಮ ಅತ್ತೆ ಕಾಫಿ ಮಾಡಿರ್ತಾಳೆ.”

ಆ ಕಕ್ಕಡದಲ್ಲಿ ಬಿಸಿಲು ಬಿದ್ದಿದ್ದು ಅದೊಂದೇ ದಿನ.